ಉಬ್ಬು ಮುಚ್ಚಿಡಬೇಡಿ

ಬೆಳಗಾದರೆ ನಮ್ಮ ತಲೆ ಮೇಲೆ ಹೊರೆ. ನೀರಿನ ಕೊಡ ಒಂದು ಹೊರೆ. ಸೌದೆ ಒಂದು ಹೊರೆ. ಹುಲ್ಲು ಒಂದು ಹೊರೆ. ಕೂಲಿಗೆ ಹೋದರೆ ಅಲ್ಲೂ ಹೊರೆ.

ರಾಮನಗರದ ಕಡೆ ಹಿಪ್ಪುನೇರಳೆ ಸೊಪ್ಪು ಹೊರುತ್ತೇವೆ. ಗೂಡಿನ ಚೀಲ ಎತ್ತುತ್ತೇವೆ. ಚನ್ನಪಟ್ಟಣದಲ್ಲಿ ಬೊಂಬೆ ಮಾಡುವ ಮರದ ತುಂಡು ಎತ್ತುತ್ತೇವೆ. ಕನಕಪುರದ ಕಡೆ ಕಲ್ಲು, ಜಲ್ಲಿ. ಮಾಗಡಿ ಕಡೆ ರಾಗಿ ಮೂಟೆ. ಗಾರೆ ಕೆಲಸವಂತೂ ನಾಲ್ಕು ಊರಲ್ಲೂ ಇದೆ. ಬಾಂಡ್ಲಿ ತುಂಬ ಮರಳು ಹೊತ್ತು ಏಣಿ ಹತ್ತುತ್ತೇವೆ.

ಹೊರೆ ಹೊತ್ತರೆ ಸೊಂಟ ನೋಯುತ್ತದೆ, ಕತ್ತು ನೋಯುತ್ತದೆ. ಅದು ನಮಗೆ ಗೊತ್ತು. ಹೊಟ್ಟೆಗೂ ತೊಂದರೆ ಆಗಬಹುದು. ಅದು ಎಷ್ಟೋ ಜನಕ್ಕೆ ಗೊತ್ತಿಲ್ಲ. ಆ ತೊಂದರೆಯ ಹೆಸರು ಹರ್ನಿಯಾ. ಇವತ್ತು ಅದನ್ನು ತಿಳಿಯೋಣ.

ಒಬ್ಬ ಅಕ್ಕನ ಕಥೆ

ಇದು ಪಾಠಕ್ಕಾಗಿ ನಾವು ಕಟ್ಟಿದ ಕಥೆ. ಆದರೆ ಇಂಥ ಅಕ್ಕ ನಿಮ್ಮ ಬೀದಿಯಲ್ಲೂ ಇರಬಹುದು.

ಈ ಅಕ್ಕನ ಮನೆಯಲ್ಲಿ ರೇಷ್ಮೆ ಹುಳ ಸಾಕುತ್ತಾರೆ. ಹುಳ ನಾಲ್ಕನೇ ಜ್ವರ ಎದ್ದಿತ್ತು. ಆಮೇಲೆ ಹುಳ ತಿನ್ನುವುದು ಎಷ್ಟು ಅಂತ ಸಾಕಿದವರಿಗೇ ಗೊತ್ತು. ಒಂದು ಬೆಳೆಗೆ ಬೇಕಾದ ಸೊಪ್ಪಿನಲ್ಲಿ ಮುಕ್ಕಾಲಿಗಿಂತ ಹೆಚ್ಚು ಆ ಒಂದು ವಾರದಲ್ಲೇ ಬೇಕು. ಬೆಳಿಗ್ಗೆ ಹೊರೆ, ಸಂಜೆ ಹೊರೆ. ಅಕ್ಕ ಒಬ್ಬಳೇ ಹೊತ್ತಳು.

ಒಂದು ದಿನ ಸ್ನಾನ ಮಾಡುವಾಗ ತೊಡೆಸಂದಿನಲ್ಲಿ ಒಂದು ಉಬ್ಬು ಕೈಗೆ ಸಿಕ್ಕಿತು. ನೆಲ್ಲಿಕಾಯಿ ಗಾತ್ರ ಇತ್ತು. ಮಲಗಿದರೆ ಒಳಗೆ ಹೋಯಿತು. ಎದ್ದು ಕೆಮ್ಮಿದರೆ ಮತ್ತೆ ಬಂತು. ನೋವು ಹೆಚ್ಚಿರಲಿಲ್ಲ. ಜಾಗ ನೋಡಿದರೆ ಯಾರಿಗೂ ತೋರಿಸುವ ಜಾಗ ಅಲ್ಲ. ಅಕ್ಕ ಸೀರೆ ಬಿಗಿಯಾಗಿ ಉಟ್ಟಳು. ಸುಮ್ಮನಾದಳು.

ಮೂರು ಬೆಳೆ ಕಳೆಯಿತು. ಉಬ್ಬು ನಿಂಬೆಹಣ್ಣಿನಷ್ಟಾಯಿತು. ಊರಿನ ಆಶಾ ಕಾರ್ಯಕರ್ತೆ ಮನೆಗೆ ಬಂದಾಗ ಅಕ್ಕ ಸೊಂಟ ಬಗ್ಗಿಸಿ ನಡೆಯುತ್ತಿದ್ದಳು.

“ಯಾಕಕ್ಕ ಹಂಗೆ ನಡೀತೀಯ?”

“ಏನಿಲ್ಲ ಬಿಡವ್ವ. ಹೊರೆ ಹೊತ್ತು ಸಾಕಾಗದೆ.”

“ಎಲ್ಲಿ ನೋವು ಹೇಳು. ನಾನೂ ಹೆಂಗಸು ಅಲ್ವಾ?”

ಅಕ್ಕ ಮೆಲ್ಲಗೆ ಹೇಳಿದಳು. “ಇಲ್ಲಿ ಒಂದು ಗಂಟು ಕಣವ್ವ. ಬತ್ತದೆ, ಹೋಯ್ತದೆ. ಈ ಗೂಡು ಮಾರಿದ ಮೇಲೆ ನೋಡಾನ ಅಂತ.”

“ಹೋದ ಗೂಡಿಗೂ ಹಂಗೇ ಅಂದ್ಕೊಂಡಿರ್ತೀಯ. ನಾಳೆ ಆಸ್ಪತ್ರೆಗೆ ಹೋಗಾನ. ನಾನೂ ಬರ್ತೀನಿ.”

ಏನಿದು ಹರ್ನಿಯಾ?

ನಮ್ಮ ಹೊಟ್ಟೆಯ ಮುಂದೆ ಮಾಂಸದ ಗೋಡೆ ಇದೆ. ಅದು ಕರುಳನ್ನು ಒಳಗೆ ಹಿಡಿದಿಡುತ್ತದೆ. ಆ ಗೋಡೆ ಎಲ್ಲೋ ಒಂದು ಕಡೆ ಸಡಿಲವಾಗುತ್ತದೆ. ಆ ಸಂದಿನಿಂದ ಒಳಗಿನ ಕೊಬ್ಬು ಅಥವಾ ಕರುಳು ಹೊರಕ್ಕೆ ನುಗ್ಗುತ್ತದೆ. ಚರ್ಮದ ಕೆಳಗೆ ಉಬ್ಬು ಕಾಣುತ್ತದೆ. ಇದೇ ಹರ್ನಿಯಾ.

ರಾಗಿ ತುಂಬಿದ ಹಳೇ ಗೋಣಿಚೀಲ ನೆನೆಸಿಕೊಳ್ಳಿ. ಒಂದು ಕಡೆ ನೂಲು ಸವೆದಿದೆ. ಚೀಲ ಒತ್ತಿದರೆ ರಾಗಿ ಎಲ್ಲಿಂದ ಬರುತ್ತದೆ? ಸವೆದ ಕಡೆಯಿಂದಲೇ ಬರುತ್ತದೆ. ಹೊಟ್ಟೆಯೂ ಹಾಗೇ.

ನಾವು ಉಸಿರು ಕಟ್ಟಿ ಭಾರ ಎತ್ತುವಾಗ ಹೊಟ್ಟೆಯೊಳಗೆ ಒತ್ತಡ ಏರುತ್ತದೆ. ದಿನಾ ಹೀಗಾದರೆ ಸಡಿಲವಾದ ಜಾಗ ಬಿಟ್ಟುಕೊಳ್ಳುತ್ತದೆ. ಹೊರೆ ಒಂದೇ ಕಾರಣ ಅಲ್ಲ. ಹಳೇ ಕೆಮ್ಮು, ಮಲಬದ್ಧತೆ, ಮೇಲಿಂದ ಮೇಲೆ ಹೆರಿಗೆ, ಹೆಚ್ಚು ಬೊಜ್ಜು, ಹಿಂದೆ ಆದ ಹೊಟ್ಟೆಯ ಆಪರೇಷನ್ನು, ಇವೂ ಕಾರಣ. ನಮ್ಮಲ್ಲಿ ಎಷ್ಟೋ ಜನಕ್ಕೆ ಇವುಗಳಲ್ಲಿ ಎರಡು ಮೂರು ಕೂಡಿಯೇ ಇರುತ್ತವೆ.

ಹೆಂಗಸರಿಗೆ ಇದು ಎಲ್ಲಿ ಬರುತ್ತದೆ?

1. ಹೊಕ್ಕುಳಲ್ಲಿ ಅಥವಾ ಅದರ ಪಕ್ಕದಲ್ಲಿ.
2. ಹಳೇ ಆಪರೇಷನ್ನಿನ ಗಾಯದ ಗುರುತಿನ ಮೇಲೆ.
3. ತೊಡೆಸಂದಿನಲ್ಲಿ.

ಗಂಡಸರಿಗೆ ತೊಡೆಸಂದಿನಲ್ಲಿ ಹೆಚ್ಚು ಬರುತ್ತದೆ. ಅದಕ್ಕೇ ಇದು ಗಂಡಸರ ಕಾಯಿಲೆ ಅಂತ ತುಂಬ ಜನ ಅಂದುಕೊಂಡಿದ್ದಾರೆ. ಅದು ತಪ್ಪು. ತೊಡೆಯ ಬುಡದಲ್ಲಿ ಬರುವ ಒಂದು ಬಗೆ ಹೆಂಗಸರಿಗೇ ಹೆಚ್ಚು. ಅದು ಚಿಕ್ಕದಾಗಿದ್ದರೂ ಬೇಗ ಸಿಕ್ಕಿಕೊಳ್ಳುತ್ತದೆ. ಆದ್ದರಿಂದ ಚಿಕ್ಕದು ಅಂತ ಬಿಡಬಾರದು.

ಯಾವಾಗ ಅಪಾಯ?

ಉಬ್ಬು ಒಳಗೆ ಹೋಗಿ ಬಂದು ಮಾಡುವ ತನಕ ನಮಗೆ ಸಮಯ ಇದೆ. ಕರುಳು ಸಂದಿನಲ್ಲಿ ಸಿಕ್ಕಿಕೊಂಡರೆ ಸಮಯ ಇಲ್ಲ. ಸಿಕ್ಕಿದ ಕರುಳಿಗೆ ರಕ್ತ ಹೋಗುವುದು ನಿಲ್ಲಬಹುದು. ಆಗ ಕೆಲವೇ ಗಂಟೆಗಳಲ್ಲಿ ಕರುಳು ಕೊಳೆಯಲು ಶುರುವಾಗುತ್ತದೆ. ಜೀವಕ್ಕೇ ಕುತ್ತು ಬರುತ್ತದೆ.

ಈ ಗುರುತುಗಳನ್ನು ಮನೆಯವರಿಗೂ ಓದಿ ಹೇಳಿ:

• ಉಬ್ಬು ಗಟ್ಟಿಯಾಗುತ್ತದೆ. ಮಲಗಿದರೂ ಒಳಗೆ ಹೋಗುವುದಿಲ್ಲ.
• ಇದ್ದಕ್ಕಿದ್ದಂತೆ ಜೋರು ನೋವು ಬರುತ್ತದೆ.
• ಉಬ್ಬಿನ ಮೇಲಿನ ಚರ್ಮ ಕೆಂಪಾಗುತ್ತದೆ ಅಥವಾ ಕಪ್ಪಾಗುತ್ತದೆ.
• ವಾಂತಿ ಆಗುತ್ತದೆ. ಹೊಟ್ಟೆ ಉಬ್ಬರಿಸುತ್ತದೆ.
• ಮಲ ಹೋಗುವುದಿಲ್ಲ. ಗ್ಯಾಸೂ ಹೋಗುವುದಿಲ್ಲ.

ಇವುಗಳಲ್ಲಿ ಒಂದು ಕಂಡರೂ ಕೂಡಲೇ 108 ಕ್ಕೆ ಫೋನ್ ಮಾಡಿ. ಆಪರೇಷನ್ ಮಾಡುವ ಡಾಕ್ಟರು ಇರುವ ದೊಡ್ಡ ಆಸ್ಪತ್ರೆಗೆ ಹೋಗಿ. ದಾರಿಯಲ್ಲಿ ಊಟ, ಕಾಫಿ, ನೀರು ಯಾವುದೂ ಬೇಡ. ಬೆಳಗಾಗಲಿ ಅಂತ ಕಾಯಬೇಡಿ.

ಮಾಡಬಾರದ ಕೆಲಸ

ಉಬ್ಬನ್ನು ಬಲವಂತವಾಗಿ ಒಳಕ್ಕೆ ತಳ್ಳಬೇಡಿ. ಎಣ್ಣೆ ಹಾಕಿ ತಿಕ್ಕಿಸಬೇಡಿ. ಬರೆ ಹಾಕಿಸಬೇಡಿ. ಮಾತ್ರೆಯಿಂದ ಆಗಲಿ, ಕಷಾಯದಿಂದ ಆಗಲಿ ಸಂದು ಮುಚ್ಚುವುದಿಲ್ಲ. ಬೆಲ್ಟ್ ಕಟ್ಟಿದರೆ ಸ್ವಲ್ಪ ಹೊತ್ತು ಹಿಡಿದಂತೆ ಇರುತ್ತದೆ ಅಷ್ಟೆ. ಅದರಿಂದ ವಾಸಿ ಆಗುವುದಿಲ್ಲ.

ಆಸ್ಪತ್ರೆಯಲ್ಲಿ ಏನು ಮಾಡುತ್ತಾರೆ?

ಮೊದಲು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ತೋರಿಸಿ. ಅಲ್ಲಿಂದ ತಾಲ್ಲೂಕು ಆಸ್ಪತ್ರೆಗೋ ಜಿಲ್ಲಾ ಆಸ್ಪತ್ರೆಗೋ ಚೀಟಿ ಬರೆದು ಕೊಡುತ್ತಾರೆ. ಡಾಕ್ಟರು ನಿಲ್ಲಿಸಿ, ಮಲಗಿಸಿ, ಕೆಮ್ಮಿಸಿ ನೋಡುತ್ತಾರೆ. ನಾಚಿಕೆ ಆದರೆ ಲೇಡಿ ಡಾಕ್ಟರು ಇದ್ದಾರಾ ಅಂತ ಕೇಳಿ. ಜೊತೆಗೆ ಒಬ್ಬರು ಹೆಂಗಸು ಇರಲಿ ಅಂತ ಕೇಳಿ. ಕೇಳುವುದು ತಪ್ಪಲ್ಲ.

ಆಪರೇಷನ್ನಿನಲ್ಲಿ ಹೊರಗೆ ಬಂದದ್ದನ್ನು ಒಳಗೆ ಇಡುತ್ತಾರೆ. ಸಂದನ್ನು ಹೊಲಿಯುತ್ತಾರೆ. ಎಷ್ಟೋ ಸಲ ಅಲ್ಲಿ ಸಣ್ಣ ಬಲೆಯಂಥದ್ದನ್ನು ಇಟ್ಟು ಭದ್ರ ಮಾಡುತ್ತಾರೆ. ನಾವು ಹರಿದ ಚೀಲಕ್ಕೆ ತೇಪೆ ಹಾಕುವುದಿಲ್ಲವೇ? ಹಾಗೆ. ಯಾರಿಗೆ ಯಾವಾಗ ಮಾಡಬೇಕು ಅಂತ ಡಾಕ್ಟರು ನೋಡಿ ಹೇಳುತ್ತಾರೆ.

ಆಪರೇಷನ್ನಿಗೆ ಮೊದಲು ಒಪ್ಪಿಗೆ ಪತ್ರ ಕೊಡುತ್ತಾರೆ. ಈಗ ನಮಗೆ ಓದು ಬರುತ್ತದೆ. ಓದಿ. ತಿಳಿಯದ್ದನ್ನು ಕೇಳಿ. ಆಮೇಲೆ ಸಹಿ ಮಾಡಿ. ಹೆಬ್ಬೆಟ್ಟು ಒತ್ತುವ ಕಾಲ ಹೋಯಿತು.

ದುಡ್ಡಿಗೆ ಏನು ಮಾಡುವುದು?

ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆ 2018 ರಲ್ಲಿ ಶುರುವಾಯಿತು. ಬಿಪಿಎಲ್ ಕಾರ್ಡ್ ಇರುವ ಒಂದು ಮನೆಗೆ ವರ್ಷಕ್ಕೆ 5 ಲಕ್ಷ ರೂಪಾಯಿ ತನಕ ಚಿಕಿತ್ಸೆಯ ಖರ್ಚು ಇದರಲ್ಲಿ ಸಿಗುತ್ತದೆ. ರೇಷನ್ ಕಾರ್ಡು, ಆಧಾರ್ ಕಾರ್ಡು ತೆಗೆದುಕೊಂಡು ಹೋಗಿ. ಸರ್ಕಾರಿ ಆಸ್ಪತ್ರೆಯಿಂದಲೇ ಶುರು ಮಾಡಿ.

ಬಿಡದಿ, ಹಾರೋಹಳ್ಳಿಯ ಕಾರ್ಖಾನೆಗಳಿಗೆ ಹೋಗುವವರು ಸಂಬಳದ ಚೀಟಿ ನೋಡಿ. ಅದರಲ್ಲಿ ಇಎಸ್ಐ ಅಂತ ಹಣ ಹಿಡಿದಿದ್ದರೆ ಇಎಸ್ಐ ಆಸ್ಪತ್ರೆಗೆ ಹೋಗಬಹುದು. ಗಾರೆ ಕೆಲಸದವರು ವರ್ಷದಲ್ಲಿ 90 ದಿನ ಕೆಲಸ ಮಾಡಿದ್ದರೆ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ಹೆಸರು ಬರೆಸಬಹುದು. ಕಾರ್ಮಿಕ ಇಲಾಖೆಯ ಕಚೇರಿಯಲ್ಲಿ ವಿಚಾರಿಸಿ. ಕಾಯಿಲೆ ಬಂದ ಮೇಲೆ ಓಡಾಡುವುದು ಕಷ್ಟ. ಮೊದಲೇ ಬರೆಸಿ.

ಆ ಅಕ್ಕನಿಗೆ ಏನಾಯಿತು?

ಅಕ್ಕನ ಗಂಡ ಮೊದಲು ಒಪ್ಪಲಿಲ್ಲ. “ಆಪರೇಷನ್ ಆದ್ರೆ ಸೊಪ್ಪು ತರೋರು ಯಾರು?” ಅಂದ. ಡಾಕ್ಟರು ಅವನಿಗೆ ಹೇಳಿದರು: “ಈಗ ಮಾಡಿಸಿದರೆ ಕೆಲವು ವಾರ ಸೊಪ್ಪು ನೀವು ತರಬೇಕು. ಸಿಕ್ಕಿಕೊಂಡರೆ ಈಕೆ ಉಳಿಯುವುದೇ ಕಷ್ಟ.” ಗಂಡ ಸುಮ್ಮನಾದ. ಆಪರೇಷನ್ ಆಯಿತು. ನಾಲ್ಕರಿಂದ ಆರು ವಾರ ಭಾರ ಎತ್ತಬಾರದು ಅಂತ ಡಾಕ್ಟರು ಹೇಳಿದರು. ಗಂಡ ಸೊಪ್ಪು ತಂದ. ನೀರನ್ನು ಸ್ತ್ರೀಶಕ್ತಿ ಸಂಘದವರು ಸರದಿ ಮೇಲೆ ತಂದು ಕೊಟ್ಟರು. ಆ ಸಲ ಹುಳದ ಮೊಟ್ಟೆ ಕಡಿಮೆ ತಂದರು. ಹಣ ಸ್ವಲ್ಪ ಕಡಿಮೆ ಬಂತು. ಅಕ್ಕ ಉಳಿದಳು.

ಭಾರಕ್ಕೆ ಒಂದು ಮಿತಿ ಇದೆ

1967 ರಲ್ಲಿ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಜಿನೀವಾದಲ್ಲಿ ಒಂದು ಮಾತು ಗೊತ್ತು ಮಾಡಿತು. ಆರೋಗ್ಯ ಕೆಡುವಷ್ಟು ಭಾರವನ್ನು ಯಾವ ಕೆಲಸಗಾರರಿಂದಲೂ ಹೊರಿಸಬಾರದು ಅಂತ. ನಮ್ಮ ದೇಶದಲ್ಲಿ 1998 ರಲ್ಲಿ ಕಟ್ಟಡ ಕೆಲಸಕ್ಕೆ ಕೇಂದ್ರ ಸರ್ಕಾರ ನಿಯಮ ಮಾಡಿತು. ಅದರಲ್ಲಿ ಒಬ್ಬ ಹೆಂಗಸು ಎತ್ತುವ ಭಾರಕ್ಕೆ 30 ಕಿಲೋ ಮಿತಿ ಹಾಕಿದರು. ಗಂಡಸಿಗೆ 55 ಕಿಲೋ.

ಸಿಮೆಂಟ್ ಚೀಲದ ಮೇಲೆ ಏನು ಬರೆದಿದೆ? 50 ಕೆ.ಜಿ. ಅಂತ ಬರೆದಿದೆ. ಇದನ್ನು ಒಬ್ಬಳೇ ಎತ್ತು ಅಂತ ಮೇಸ್ತ್ರಿ ಹೇಳಿದರೆ ಚೀಲದ ಮೇಲಿನ ಅಂಕಿ ಓದಿ ತೋರಿಸಿ. ಒಬ್ಬರೇ ಕೇಳಿದರೆ ಕೆಲಸ ಹೋದೀತು ಅನ್ನುವ ಭಯ ಇರುತ್ತದೆ. ಎಲ್ಲರೂ ಕೂಡಿ ಕೇಳೋಣ.

ಎತ್ತುವುದು ಹೇಗೆ?

1. ಒಂದು ದೊಡ್ಡ ಹೊರೆಯನ್ನು ಎರಡು ಚಿಕ್ಕ ಹೊರೆ ಮಾಡಿ.
2. ಹೊರೆಯ ಹತ್ತಿರ ನಿಲ್ಲಿ. ಮಂಡಿ ಮಡಿಸಿ ಕುಳಿತು ಎತ್ತಿ. ಸೊಂಟ ಬಗ್ಗಿಸಿ ಎತ್ತಬೇಡಿ.
3. ಹೊರೆಯನ್ನು ಮೈಗೆ ಹತ್ತಿರ ಹಿಡಿಯಿರಿ.
4. ಉಸಿರು ಕಟ್ಟಬೇಡಿ. ಎತ್ತುವಾಗ ಉಸಿರು ಬಿಡಿ.
5. ತಲೆಗೆ ಏರಿಸಲು, ಇಳಿಸಲು ಇನ್ನೊಬ್ಬರು ಕೈ ಕೊಡಲಿ.
6. ಬಸುರಿ, ಬಾಣಂತಿ, ಆಪರೇಷನ್ ಆದವರು ಭಾರ ಎತ್ತಬಾರದು.

ಹೀಗೆ ಮಾಡಿದರೆ ಹರ್ನಿಯಾ ಬರುವುದೇ ಇಲ್ಲ ಅಂತ ಅಲ್ಲ. ಹೊಟ್ಟೆಯ ಮೇಲೆ ಬೀಳುವ ಒತ್ತಡ ಕಡಿಮೆ ಆಗುತ್ತದೆ. ಜೊತೆಗೆ ಸೊಪ್ಪು, ಕಾಳು ತಿನ್ನಿ. ಚೆನ್ನಾಗಿ ನೀರು ಕುಡಿಯಿರಿ. ಕೆಮ್ಮು ಎರಡು ವಾರ ದಾಟಿದರೆ ಪರೀಕ್ಷೆ ಮಾಡಿಸಿ.

ಹೊಸ ಪದಗಳು

ಹರ್ನಿಯಾ: ಸಡಿಲವಾದ ಸಂದಿನಿಂದ ಕೊಬ್ಬು ಅಥವಾ ಕರುಳು ಹೊರಗೆ ಉಬ್ಬುವುದು
ಒತ್ತಡ: ಒಳಗಿನಿಂದ ತಳ್ಳುವ ಬಲ
ಒಪ್ಪಿಗೆ ಪತ್ರ: ಚಿಕಿತ್ಸೆಗೆ ಒಪ್ಪಿದ್ದೇನೆ ಎಂದು ಸಹಿ ಮಾಡುವ ಕಾಗದ
ಮಿತಿ: ಇಷ್ಟೇ, ಇದಕ್ಕಿಂತ ಹೆಚ್ಚಿಲ್ಲ ಎಂಬ ಗೆರೆ

ಲೆಕ್ಕ ಮಾಡಿ

1. ಒಂದು ಲೀಟರ್ ನೀರು ಒಂದು ಕಿಲೋ ತೂಗುತ್ತದೆ. ನಿಮ್ಮ ಕೊಡದಲ್ಲಿ 15 ಲೀಟರ್ ಹಿಡಿಯುತ್ತದೆ. 6 ಕೊಡ ತಂದರೆ ಒಟ್ಟು ಎಷ್ಟು ಕಿಲೋ ಹೊತ್ತಿರಿ?
2. ಸಿಮೆಂಟ್ ಚೀಲ 50 ಕಿಲೋ. ಮಿತಿ 30 ಕಿಲೋ. ಎಷ್ಟು ಕಿಲೋ ಹೆಚ್ಚು?
3. 40 ಕಿಲೋ ಸೊಪ್ಪನ್ನು ಇಬ್ಬರು ಸಮವಾಗಿ ಹಂಚಿಕೊಂಡರೆ ಒಬ್ಬರಿಗೆ ಎಷ್ಟು?

ಉತ್ತರ ಬರೆಯಿರಿ

1. ಹೆಂಗಸರಿಗೆ ಹರ್ನಿಯಾ ಯಾವ ಮೂರು ಕಡೆ ಬರಬಹುದು?
2. ಉಬ್ಬು ಸಿಕ್ಕಿಕೊಂಡಿದೆ ಅಂತ ಹೇಗೆ ಗೊತ್ತಾಗುತ್ತದೆ? ಮೂರು ಗುರುತು ಬರೆಯಿರಿ.
3. ಅಕ್ಕ ಮೂರು ಬೆಳೆ ತನಕ ಯಾಕೆ ಸುಮ್ಮನಿದ್ದಳು?

ಕೂಡಿ ಮಾತಾಡಿ

ನಿಮ್ಮ ಮನೆಯಲ್ಲಿ ಹೆಚ್ಚು ಹೊರೆ ಹೊರುವವರು ಯಾರು? ಅದನ್ನು ಯಾರು ಯಾರು ಹಂಚಿಕೊಳ್ಳಬಹುದು? ಕಲಿಕಾ ಕೇಂದ್ರದಲ್ಲಿ ಕೂತು ಮಾತಾಡಿ. ಉಬ್ಬು ಇರುವ ಅಕ್ಕ ತಂಗಿ ಯಾರಾದರೂ ಇದ್ದರೆ ಈ ಪಾಠ ಅವರಿಗೆ ಓದಿ ಹೇಳಿ. ಆಸ್ಪತ್ರೆಗೆ ಅವರ ಜೊತೆ ಹೋಗಿ.