ಭಾಷೆ, ಪ್ರಾಂತ ಮತ್ತು ನೆರೆಹೊರೆ : ಎರಡು ದೇಶಗಳ ಪಾಠ



2022ರ ಡಿಸೆಂಬರ್ ತಿಂಗಳು ನಮಗೆ ಚೆನ್ನಾಗಿ ನೆನಪಿದೆ. ಬೆಳಗಾವಿಯ ಗಡಿ ವಿವಾದವು ಮತ್ತೊಮ್ಮೆ ಕೆರಳಿತ್ತು. ಅತ್ತ ಬೆಳಗಾವಿಯ ಹತ್ತಿರ ಮಹಾರಾಷ್ಟ್ರದ ಲಾರಿಗಳ ಮೇಲೆ ಕಲ್ಲು ಬಿದ್ದವು. ಇತ್ತ ಪುಣೆಯಲ್ಲಿ ಕರ್ನಾಟಕದ ಬಸ್ಸುಗಳಿಗೆ ಮಸಿ ಬಳಿದರು. ಆ ವಾರ ಇತಿಹಾಸದ ಪಾಠ ನಡೆದಿರುವಾಗ ಏಳನೆಯ ಇಯತ್ತೆಯ ಹುಡುಗನೊಬ್ಬನು ಎದ್ದು ನಿಂತು, "ಸರ್, ನಾವು ಯಾವ ಕಡೆಯವರು?" ಎಂದು ಕೇಳಿದನು. ಅವನ ಮನೆಯವರು ಕಲಬುರಗಿಯ ಕಡೆಯಿಂದ ಬಂದವರು. ಸಂಜೆ ಅವನೊಡನೆ ಚೆಂಡಾಡುವ ಗೆಳೆಯರೆಲ್ಲ ಮರಾಠಿ ಶಾಲೆಯ ಮಕ್ಕಳು. ಇಡೀ ವರ್ಗವೇ ನಮ್ಮ ಮುಖ ನೋಡುತ್ತಿತ್ತು. "ಕೂತುಕೋ, ಅದು ಪರೀಕ್ಷೆಗೆ ಬರುವ ಪ್ರಶ್ನೆಯಲ್ಲ" ಎಂದು ಹೇಳಿ ನಾವು ಪಾಠವನ್ನು ಮುಂದುವರಿಸಿಬಿಟ್ಟೆವು.

ಅದು ಶಿಕ್ಷಕನು ಕೊಡಬೇಕಾದ ಉತ್ತರವಾಗಿರಲಿಲ್ಲ. ಅಂದು ಉಳಿಸಿಕೊಂಡ ಸಾಲವನ್ನು ಈ ವಾರ್ಷಿಕ ಸಂಚಿಕೆಯ ಮೂಲಕ ತೀರಿಸಲು ಯತ್ನಿಸುತ್ತೇವೆ. ಸಮೀಪದ ವಸ್ತುವನ್ನು ಸರಿಯಾಗಿ ಕಾಣಬೇಕಾದರೆ ಒಮ್ಮೊಮ್ಮೆ ದೂರ ಹೋಗಿ ನಿಲ್ಲಬೇಕಾಗುತ್ತದೆ. ಆದುದರಿಂದ ಮೊದಲು ಆಫ್ರಿಕಾ ಖಂಡಕ್ಕೆ ಹೋಗೋಣ.

ನೈಜೀರಿಯಾದ ಕಥೆ

ಆಫ್ರಿಕಾದ ಪಶ್ಚಿಮ ಭಾಗದಲ್ಲಿರುವ ನೈಜೀರಿಯಾ ದೇಶವು ನಮ್ಮಂತೆಯೇ ಬ್ರಿಟಿಷರ ಆಳ್ವಿಕೆಯಲ್ಲಿತ್ತು. ಒಂದಕ್ಕೊಂದು ಸಂಬಂಧವಿಲ್ಲದ ಉತ್ತರ ಹಾಗೂ ದಕ್ಷಿಣದ ಸೀಮೆಗಳನ್ನು ಆಡಳಿತದ ಅನುಕೂಲಕ್ಕಾಗಿ ಬ್ರಿಟಿಷರು 1914ರಲ್ಲಿ ಒಂದುಗೂಡಿಸಿದರು. 1960ನೆಯ ಅಕ್ಟೋಬರ್ 1ರಂದು ಆ ದೇಶ ಸ್ವತಂತ್ರವಾಯಿತು. ಆಗ ಅಲ್ಲಿ ಮೂರೇ ಪ್ರಾಂತಗಳು. ಉತ್ತರದಲ್ಲಿ ಹೌಸಾ ಮತ್ತು ಫುಲಾನಿ ಜನ, ಪಶ್ಚಿಮದಲ್ಲಿ ಯೊರುಬಾ ಜನ, ಪೂರ್ವದಲ್ಲಿ ಇಗ್ಬೋ ಜನ ಬಹುಸಂಖ್ಯಾತರು. ಇವರಲ್ಲದೆ ನೂರಾರು ಸಣ್ಣ ಭಾಷೆಗಳ ಜನರೂ ಇದ್ದರು. ಆದರೆ ಅವರ ಮಾತು ಯಾರಿಗೂ ಕೇಳುತ್ತಿರಲಿಲ್ಲ. ಉತ್ತರ ಪ್ರಾಂತವೊಂದೇ ಉಳಿದವುಗಳನ್ನು ಕೂಡಿಸಿದರೂ ಮೀರುವಷ್ಟು ದೊಡ್ಡದಿತ್ತು. ಪ್ರತಿಯೊಂದು ಪ್ರಾಂತಕ್ಕೂ ತನ್ನದೇ ಪಕ್ಷ, ತನ್ನದೇ ನಾಯಕ. ಚುನಾವಣೆ ಬಂದಾಗಲೆಲ್ಲ ಅದು ಪಕ್ಷಗಳ ಸ್ಪರ್ಧೆಯಾಗಿ ಉಳಿಯದೆ ಜನಾಂಗಗಳ ಜಗಳವಾಗುತ್ತಿತ್ತು.

ಇಲ್ಲಿ ನೀವು ಗಮನಿಸಬೇಕಾದ ಸಂಗತಿಯೊಂದಿದೆ. ಕಾನೋ ಮೊದಲಾದ ಉತ್ತರದ ಪಟ್ಟಣಗಳಲ್ಲಿ "ಸಾಬೋನ್ ಗರಿ" ಎಂಬ ಬಡಾವಣೆಗಳಿದ್ದವು. ಹೌಸಾ ಭಾಷೆಯಲ್ಲಿ ಅದರ ಅರ್ಥ ಹೊಸ ಊರು ಎಂದು. ದಕ್ಷಿಣದಿಂದ ಹೊಟ್ಟೆಪಾಡಿಗಾಗಿ ಬಂದ ಇಗ್ಬೋ ಮುಂತಾದ ಜನರು ಅಲ್ಲಿ ವಾಸವಾಗಿದ್ದರು. ರೈಲ್ವೆ ಮತ್ತು ಅಂಚೆ ಕಚೇರಿಗಳ ಗುಮಾಸ್ತರು, ಅಂಗಡಿಕಾರರು, ಶಾಲೆಯ ಮಾಸ್ತರರು ಹೀಗೆ ಪರವೂರಿನಲ್ಲಿ ದುಡಿದು ತಮ್ಮ ಊರಿಗೆ ಹಣ ಕಳಿಸುತ್ತಿದ್ದವರು ಅವರು. ಈ ವರ್ಣನೆ ನಿಮ್ಮ ಮನೆಯ ಹಿರಿಯರನ್ನು ನೆನಪಿಗೆ ತರುವುದಿಲ್ಲವೇ?

1966ರ ಜನವರಿ 15ರಂದು ಸೈನ್ಯದ ಕೆಲವು ಯುವ ಅಧಿಕಾರಿಗಳು ದಂಗೆಯೆದ್ದು ಪ್ರಧಾನಿ ಅಬೂಬಕರ್ ತಫಾವಾ ಬಾಲೆವಾ ಅವರನ್ನೂ ಉತ್ತರ ಮತ್ತು ಪಶ್ಚಿಮ ಪ್ರಾಂತಗಳ ಮುಖ್ಯಮಂತ್ರಿಗಳನ್ನೂ ಕೊಂದರು. ದಂಗೆಕೋರರಲ್ಲಿ ಬಹುಮಂದಿ ಇಗ್ಬೋಗಳು. ಮಾಡಿದವರು ಬೆರಳೆಣಿಕೆಯಷ್ಟು ಅಧಿಕಾರಿಗಳು. ಆದರೆ ಸಿಟ್ಟು ತಿರುಗಿದ್ದು ಸಾಬೋನ್ ಗರಿಯ ಗುಮಾಸ್ತರ ಮೇಲೆ, ಅಂಗಡಿಕಾರರ ಮೇಲೆ. ಆ ವರ್ಷದ ಮೇ ತಿಂಗಳಲ್ಲಿಯೂ ಮತ್ತೆ ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳಲ್ಲಿಯೂ ಸಹಸ್ರಾರು ಜನರು ಕೊಲೆಯಾದರು. ಹತ್ತು ಲಕ್ಷಕ್ಕೂ ಮಿಕ್ಕಿದ ಜನರು ರೈಲು, ಲಾರಿಗಳಲ್ಲಿ ತುಂಬಿಕೊಂಡು ಪೂರ್ವಕ್ಕೆ ಮರಳಿದರು. ಪೂರ್ವದಲ್ಲಿದ್ದ ಉತ್ತರದವರೂ ಪ್ರತೀಕಾರಕ್ಕೆ ಬಲಿಯಾದರು.

ಆ ಜುಲೈಯಲ್ಲಿ ನಡೆದ ಎರಡನೆಯ ಸೈನಿಕ ಕ್ರಾಂತಿಯಿಂದ ಅಧಿಕಾರಕ್ಕೆ ಬಂದ ಯಾಕುಬು ಗೊವನ್, 1967ರ ಮೇ 27ರಂದು ದೊಡ್ಡ ಪ್ರಾಂತಗಳನ್ನು ಒಡೆದು ಹನ್ನೆರಡು ರಾಜ್ಯಗಳನ್ನು ಘೋಷಿಸಿದರು. ಪೂರ್ವ ಪ್ರಾಂತವೂ ಮೂರು ತುಂಡಾಯಿತು. ಎಣ್ಣೆಯ ನಿಕ್ಷೇಪಗಳ ಬಹುಭಾಗ ಇಗ್ಬೋಗಳ ರಾಜ್ಯದ ಹೊರಗೆ ಉಳಿಯಿತು. ಮೂರೇ ದಿನಗಳ ಮೇಲೆ ಪೂರ್ವದ ಸೈನಿಕ ರಾಜ್ಯಪಾಲ ಒಜುಕ್ವು "ಬಯಾಫ್ರಾ" ಎಂಬ ಪ್ರತ್ಯೇಕ ರಾಷ್ಟ್ರವನ್ನು ಸಾರಿದರು. ಜುಲೈ 6ರಂದು ಆರಂಭವಾದ ಯುದ್ಧ 1970ರ ಜನವರಿ 15ರವರೆಗೆ ನಡೆಯಿತು. ಬಯಾಫ್ರಾದ ಸುತ್ತಲೂ ದಿಗ್ಬಂಧನ ಬಿದ್ದುದರಿಂದ ಗುಂಡಿಗಿಂತ ಹಸಿವೆಯೇ ಹೆಚ್ಚು ಜನರನ್ನು ಕೊಂದಿತು. ಸತ್ತವರಲ್ಲಿ ಮಕ್ಕಳು ಬಹಳ. ಒಟ್ಟು ಸಂಖ್ಯೆಯನ್ನು ಕೆಲವರು ಹತ್ತು ಲಕ್ಷವೆಂದೂ ಕೆಲವರು ಮೂವತ್ತು ಲಕ್ಷವೆಂದೂ ಅಂದಾಜು ಮಾಡಿದ್ದಾರೆ. ಯುದ್ಧ ಮುಗಿದಾಗ ಗೊವನ್, ಇದರಲ್ಲಿ ಗೆದ್ದವರೂ ಇಲ್ಲ ಸೋತವರೂ ಇಲ್ಲ ಎಂಬ ಧೋರಣೆಯನ್ನು ಸಾರಿದರು. ಇಂದು ನೈಜೀರಿಯಾ ಮೂವತ್ತಾರು ರಾಜ್ಯಗಳ ಒಂದೇ ದೇಶವಾಗಿ ಉಳಿದಿದೆ.

ನಮ್ಮ ಕಥೆ

ಈಗ ಮನೆಗೆ ಮರಳೋಣ. ಸ್ವಾತಂತ್ರ್ಯ ಬಂದಾಗ ಕನ್ನಡ ನಾಡು ಮೈಸೂರು, ಮುಂಬಯಿ, ಹೈದರಾಬಾದು, ಮದರಾಸು, ಕೊಡಗು ಎಂದು ಹರಿದು ಹಂಚಿಹೋಗಿತ್ತು. ಧಾರವಾಡ, ಬೆಳಗಾವಿ, ವಿಜಾಪುರ, ಕಾರವಾರಗಳ ಜನರಿಗೆ ಈ ಮುಂಬಯಿಯೇ ರಾಜಧಾನಿ. ನಿಮ್ಮ ಅಜ್ಜ ಮುತ್ತಜ್ಜಂದಿರಲ್ಲಿ ಹಲವರು ಆಗ ಬೇರೆ ರಾಜ್ಯಕ್ಕೆ ವಲಸೆ ಬಂದವರಲ್ಲ. ತಮ್ಮದೇ ಪ್ರಾಂತದ ದೊಡ್ಡ ಪಟ್ಟಣಕ್ಕೆ ಬಂದವರು.

ಭಾಷಾವಾರು ಪ್ರಾಂತಗಳ ಬೇಡಿಕೆಯನ್ನು ನಮ್ಮ ನಾಯಕರು ಮೊದಲಿಗೆ ಒಪ್ಪಲಿಲ್ಲ. ದೇಶ ವಿಭಜನೆಯ ಗಾಯ ಹಸಿಯಾಗಿತ್ತು. ಮತ್ತೆ ಒಡಕು ಬೇಡವೆಂಬ ಭಯ ಅವರಿಗಿತ್ತು. 1948ರ ಧರ್ ಆಯೋಗವೂ ಬೇಡವೆಂದೇ ಹೇಳಿತು. ಆಂಧ್ರಕ್ಕಾಗಿ ಉಪವಾಸ ಕುಳಿತ ಪೊಟ್ಟಿ ಶ್ರೀರಾಮುಲು ಅವರು 1952ರ ಡಿಸೆಂಬರಿನಲ್ಲಿ ಪ್ರಾಣ ಬಿಟ್ಟರು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿತು. ಅದೇ ವರ್ಷ ಹುಬ್ಬಳ್ಳಿಯ ಹತ್ತಿರದ ಅದರಗುಂಚಿಯಲ್ಲಿ ಶಂಕರಗೌಡ ಪಾಟೀಲರು ಕರ್ನಾಟಕದ ಏಕೀಕರಣಕ್ಕಾಗಿ ಉಪವಾಸ ಮಾಡಿದರು. ಫಜಲ್ ಅಲಿ, ಕುಂಜ್ರು, ಪಣಿಕ್ಕರ್ ಈ ಮೂವರ ಆಯೋಗವು ದೇಶವನ್ನೆಲ್ಲ ಸುತ್ತಿ 1955ರಲ್ಲಿ ವರದಿ ಕೊಟ್ಟಿತು. 1956ರ ನವೆಂಬರ್ 1ರಂದು ಹದಿನಾಲ್ಕು ರಾಜ್ಯಗಳೂ ಆರು ಕೇಂದ್ರಾಡಳಿತ ಪ್ರದೇಶಗಳೂ ಏರ್ಪಟ್ಟವು. ಕನ್ನಡದ ಬಹುಭಾಗ ಒಂದಾಯಿತು. ಕಾಸರಗೋಡು ಕೇರಳದಲ್ಲಿಯೂ, ಜತ್ತ, ಅಕ್ಕಲಕೋಟೆಗಳು ಮುಂಬಯಿ ರಾಜ್ಯದಲ್ಲಿಯೂ ಉಳಿದವು.

ಮುಂಬಯಿಯಲ್ಲಿ ಮಾತ್ರ ರಕ್ತ ಹರಿಯಿತು. ಮರಾಠಿಗರು ಮುಂಬಯಿ ಸಹಿತವಾದ ಮಹಾರಾಷ್ಟ್ರವನ್ನು ಕೇಳಿದರು. 1956ರ ಜನವರಿಯಲ್ಲಿ, ನಗರವನ್ನು ಕೇಂದ್ರದ ಆಡಳಿತಕ್ಕೆ ಒಳಪಡಿಸಲಾಗುವುದೆಂಬ ಪ್ರಕಟಣೆ ಬಂದೊಡನೆ ಜನರು ಬೀದಿಗೆ ಇಳಿದರು; ಪೋಲೀಸರು ಗುಂಡು ಹಾರಿಸಿದರು. ಆ ಚಳವಳಿಯಲ್ಲಿ ನೂರಕ್ಕೂ ಹೆಚ್ಚು ಜನರು ಮಡಿದರು. ಕೋಟೆ ವಿಭಾಗದ ಹುತಾತ್ಮಾ ಚೌಕದ ಸ್ಮಾರಕ ಅವರದೇ. 1960ರ ಮೇ 1ರಂದು ಮಹಾರಾಷ್ಟ್ರವೂ ಗುಜರಾತವೂ ಬೇರೆ ಬೇರೆ ರಾಜ್ಯಗಳಾದವು. ಕನ್ನಡದ ಏಕೀಕರಣಕ್ಕಾಗಿ ಉಪವಾಸ ಮಾಡಿದವರನ್ನು ಗೌರವಿಸುವ ನಾವು, ತಮ್ಮ ಭಾಷೆಯ ನಾಡಿಗಾಗಿ ಗುಂಡಿಗೆ ಎದೆಯೊಡ್ಡಿದವರನ್ನೂ ಗೌರವದಿಂದ ನೆನೆಯಬೇಕು. ಆ ಚೌಕದ ಮುಂದೆ ಹಾಯುವಾಗ ಒಂದು ಕ್ಷಣ ನಿಲ್ಲಿರಿ.

ಬೆಳಗಾವಿಯ ಪ್ರಶ್ನೆಯನ್ನು ಬಗೆಹರಿಸಲು 1966ರಲ್ಲಿ ನೇಮಕವಾದ ಮಹಾಜನ ಆಯೋಗವು ಮರುವರ್ಷ ವರದಿ ಕೊಟ್ಟಿತು. ಬೆಳಗಾವಿ ಮೈಸೂರಿನಲ್ಲಿಯೇ ಇರಲಿ ಎಂದ ಆ ವರದಿಯನ್ನು ಮಹಾರಾಷ್ಟ್ರ ಒಪ್ಪಲಿಲ್ಲ. 1969ರ ಫೆಬ್ರುವರಿಯಲ್ಲಿ ಈ ಪ್ರಶ್ನೆಯ ಮೇಲೆ ನಮ್ಮ ನಗರದಲ್ಲಿ ಹಲವು ದಿನ ದಂಗೆ ನಡೆದು ಐವತ್ತಕ್ಕೂ ಹೆಚ್ಚು ಜನರು ಸತ್ತರು. ದಕ್ಷಿಣದವರ ಹೋಟೆಲುಗಳೂ ಅಂಗಡಿಗಳೂ ಪುಡಿಯಾದವು. ಬೈಕುಲ್ಲಾದ ಚಾಳೊಂದರಲ್ಲಿದ್ದ ಹಿರಿಯರೊಬ್ಬರು ನಮಗೆ ಹೇಳಿದ್ದುಂಟು: ಆ ರಾತ್ರಿ ನೆರೆಮನೆಯ ಮರಾಠಿ ಅಜ್ಜಿಯೊಬ್ಬರು ಇವರನ್ನು ಒಳಗೆ ಕೂಡಿಸಿ, ತಾವು ಹೊಸ್ತಿಲ ಮೇಲೆ ಅಕ್ಕಿ ಆರಿಸುತ್ತ ಕುಳಿತರಂತೆ. ಗುಂಪು ಬಂದು ಕೇಳಿದಾಗ "ಇಲ್ಲಿ ನನ್ನ ಮಕ್ಕಳಿದ್ದಾರೆ" ಎಂದು ಮರಾಠಿಯಲ್ಲಿ ಗದರಿಸಿ ಕಳಿಸಿದರಂತೆ.

ಎರಡನ್ನೂ ಹೋಲಿಸಿದಾಗ

ಸಾಬೋನ್ ಗರಿಯವರ ಗತಿ ನಮಗೆ ಏಕೆ ಬರಲಿಲ್ಲ? ನಾವು ಅವರಿಗಿಂತ ಒಳ್ಳೆಯವರೆಂದಲ್ಲ. 1969ರ ಆ ದಿನಗಳೇ ಅದಕ್ಕೆ ಸಾಕ್ಷಿ. ಕಾರಣಗಳು ಬೇರೆ ಇವೆ.

ಮೊದಲನೆಯದು, ನಮ್ಮಲ್ಲಿ ರಾಜ್ಯಗಳು ಅನೇಕ. ಯಾವುದೇ ಒಂದು ಭಾಷೆಯ ರಾಜ್ಯವೂ ಉಳಿದವುಗಳನ್ನೆಲ್ಲ ತುಳಿಯುವಷ್ಟು ದೊಡ್ಡದಾಗಿಲ್ಲ. ನೈಜೀರಿಯಾ ಹನ್ನೆರಡು ರಾಜ್ಯಗಳನ್ನು ಮಾಡಿದ್ದು ಯುದ್ಧದ ಹೊಸ್ತಿಲಲ್ಲಿ, ಆಗ ತಡವಾಗಿತ್ತು. ಎರಡನೆಯದು, ತಡವಾಗಿಯಾದರೂ ಇಲ್ಲಿ ಜನರ ಬೇಡಿಕೆಯನ್ನು ಆಯೋಗ, ಸಂಸತ್ತು, ಚುನಾವಣೆಗಳು ಕೇಳಿಸಿಕೊಂಡವು. ಸೈನ್ಯವು ಅಧಿಕಾರದ ಗದ್ದುಗೆ ಏರಲಿಲ್ಲ. ಮಹಾರಾಷ್ಟ್ರ ಸರಕಾರವು 2004ರಲ್ಲಿ ಗಡಿಯ ಪ್ರಶ್ನೆಯನ್ನು ಸರ್ವೋಚ್ಚ ನ್ಯಾಯಾಲಯಕ್ಕೆ ಒಯ್ದಿತು. ಮೊಕದ್ದಮೆ ಎಷ್ಟು ದೀರ್ಘವಾದರೂ ಅದರಿಂದ ಯಾರೂ ಹಸಿದು ಸಾಯುವುದಿಲ್ಲ.

ಮೂರನೆಯದು ನಿಮಗೆ ನೇರವಾಗಿ ಸಂಬಂಧಿಸಿದ್ದು. ಭಾರತದ ಯಾವ ಭಾಗದಲ್ಲಿಯಾದರೂ ನೆಲಸುವ ಹಕ್ಕನ್ನು ಸಂವಿಧಾನದ 19ನೆಯ ವಿಧಿ ಪ್ರತಿಯೊಬ್ಬ ಪ್ರಜೆಗೂ ಕೊಟ್ಟಿದೆ. ರಾಜ್ಯಗಳು ಮರುವಿಂಗಡಣೆಯಾದ 1956ರಲ್ಲಿಯೇ 350ಎ ಎಂಬ ವಿಧಿಯನ್ನು ಸೇರಿಸಿ, ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಸೌಕರ್ಯ ಒದಗಿಸಬೇಕೆಂದು ವಿಧಿಸಲಾಯಿತು. ಗೆರೆ ಎಲ್ಲಿ ಎಳೆದರೂ ಕೆಲವರು ಆಚೆಗೆ ಉಳಿಯುವರೆಂಬುದನ್ನು ಗೆರೆ ಎಳೆದವರು ಬಲ್ಲರು. ನಮ್ಮ ನಗರಪಾಲಿಕೆಯು ಮರಾಠಿಯ ಜೊತೆಗೆ ಹಿಂದಿ, ಉರ್ದು, ಗುಜರಾತಿ, ಕನ್ನಡ, ತಮಿಳು, ತೆಲುಗು, ಇಂಗ್ಲಿಷ್ ಮಾಧ್ಯಮಗಳ ಶಾಲೆಗಳನ್ನು ನಡೆಸುತ್ತ ಬಂದಿದೆ. ಮಹಾರಾಷ್ಟ್ರದ ರಾಜಧಾನಿಯಲ್ಲಿ ಕುಳಿತು ನೀವು ಕನ್ನಡದಲ್ಲಿ ಗಣಿತ ಕಲಿಯುತ್ತಿರುವುದು ಸಣ್ಣ ಸಂಗತಿಯಲ್ಲ.

ನಾವು ಹುಟ್ಟಿದ್ದು ವಿಜಾಪುರ ಜಿಲ್ಲೆಯ ಗಡಿಯ ಹಳ್ಳಿಯಲ್ಲಿ. ಅಲ್ಲಿಯ ಸಂತೆಯಲ್ಲಿ ಕನ್ನಡದಲ್ಲಿ ಶುರುವಾದ ಚೌಕಾಸಿ ಮರಾಠಿಯಲ್ಲಿ ಮುಗಿಯುತ್ತದೆ. ನಮ್ಮ ಸೋದರತ್ತೆಯನ್ನು ಕೊಟ್ಟದ್ದು ಜತ್ತಕ್ಕೆ. ಆಷಾಢದಲ್ಲಿ ಪಂಢರಪುರಕ್ಕೆ ನಡೆಯುವವರನ್ನು ಯಾವ ಭಾಷೆಯವರೆಂದು ನಮ್ಮಲ್ಲಿ ಯಾರೂ ಕೇಳುವುದಿಲ್ಲ. ಬೈಕುಲ್ಲಾದಲ್ಲಿಯೂ ಅಷ್ಟೆ. ಸ್ಟೇಶನ್ನಿನಿಂದ ಹೊರಟರೆ ಗ್ಲೋರಿಯಾ ಚರ್ಚು, ಯಹೂದಿಗಳ ಮಾಗೆನ್ ಡೇವಿಡ್ ಮಂದಿರ, ಮಸೀದಿ, ದೇವಸ್ಥಾನಗಳನ್ನು ದಾಟಿಯೇ ನೀವು ಶಾಲೆಗೆ ಬರುತ್ತೀರಿ.

ಆ ಹುಡುಗನ ಪ್ರಶ್ನೆಗೆ ಈಗ ಉತ್ತರ ಹೇಳೋಣ. ಗಡಿ ಎಲ್ಲಿರಬೇಕೆಂಬುದನ್ನು ನ್ಯಾಯಾಲಯ ನಿರ್ಣಯಿಸಲಿ. ಅದರ ಬಗ್ಗೆ ನಿನಗೆ ನಿನ್ನ ಅಭಿಪ್ರಾಯವಿರಬಹುದು, ನಿನ್ನ ಮರಾಠಿ ಗೆಳೆಯನಿಗೆ ಅವನದು ಇರಬಹುದು. ವಾದಿಸಿರಿ, ಬಳಿಕ ಚೆಂಡಾಡಿರಿ. ಆದರೆ ಕಲ್ಲು ಬೀಳುವ ದಿನ ಬಂದರೆ ನಮ್ಮದು ಬಸ್ಸಿನೊಳಗೆ ಕುಳಿತವರ ಕಡೆ. ಆ ಬಸ್ಸಿನ ಮೇಲೆ ಯಾವ ರಾಜ್ಯದ ಹೆಸರಿದೆ ಎಂದು ನೋಡುವ ಕಾರಣವಿಲ್ಲ. ಕನ್ನಡವನ್ನು ಚೆನ್ನಾಗಿ ಕಲಿ. ಮರಾಠಿಯನ್ನೂ ಅಷ್ಟೇ ಚೆನ್ನಾಗಿ ಕಲಿ. ಹೊಸ್ತಿಲಲ್ಲಿ ಕುಳಿತ ಆ ಅಜ್ಜಿಯೊಡನೆ ಮಾತಾಡಲು ಅದು ಬೇಕಾಗುತ್ತದೆ.

ರಜೆಯಲ್ಲಿ ಮಾಡಬೇಕಾದ ಅಭ್ಯಾಸ

1. ನಿಮ್ಮ ಮನೆತನದವರು ಮೊದಲು ಮುಂಬಯಿಗೆ ಬಂದ ವರ್ಷ ಯಾವುದು? ಆಗ ಅವರ ಊರು ಯಾವ ರಾಜ್ಯದಲ್ಲಿತ್ತು? ಹಿರಿಯರನ್ನು ಕೇಳಿ ಬರೆಯಿರಿ.

2. ಭಾರತದ ಮತ್ತು ನೈಜೀರಿಯಾದ ನಕಾಶೆಗಳನ್ನು ಬಿಡಿಸಿ, ಮೊದಲಿನ ಪ್ರಾಂತಗಳನ್ನೂ ಈಗಿನ ರಾಜ್ಯಗಳನ್ನೂ ಬೇರೆ ಬೇರೆ ಬಣ್ಣಗಳಲ್ಲಿ ತೋರಿಸಿರಿ.

3. ಕಷ್ಟಕಾಲದಲ್ಲಿ ಬೇರೆ ಭಾಷೆಯ ನೆರೆಯವರು ನಿಮ್ಮ ಮನೆಗೆ, ಅಥವಾ ನಿಮ್ಮವರು ಅವರಿಗೆ ನೆರವಾದ ಸಂಗತಿಯೊಂದನ್ನು ಕೇಳಿ ತಿಳಿದು ವರ್ಗದಲ್ಲಿ ಹೇಳಿರಿ. ಮೊದಲು ಆ ಏಳನೆಯ ಇಯತ್ತೆಯ ಹುಡುಗನಿಂದ ಕೇಳಲು ನಾವು ಕಾದಿದ್ದೇವೆ.