ಮೊದಲು ಟೆಂಪ್ಲೇಟ್, ಆಮೇಲೆ ಬರವಣಿಗೆ: ಕಾನ್ಫರೆನ್ಸ್‌ಗೆ ಪೇಪರ್ ಸಿದ್ಧಪಡಿಸುವ ಬಗೆ

ಎಂಜಿನಿಯರಿಂಗ್ ಕೊನೆಯ ವರ್ಷದ ಪ್ರಾಜೆಕ್ಟ್ ಒಂದು ಹದಕ್ಕೆ ಬಂದ ಮೇಲೆ ಗೈಡ್ ಹೇಳುವ ಮಾತು ಸಾಮಾನ್ಯವಾಗಿ ಒಂದೇ: ‘ಇದನ್ನೊಂದು ಪೇಪರ್ ಮಾಡಿ ಕಾನ್ಫರೆನ್ಸ್‌ಗೆ ಕಳಿಸಿ.’ ವಿದ್ಯಾರ್ಥಿಗಳು ಪ್ರಾಜೆಕ್ಟ್ ರಿಪೋರ್ಟಿನ ಪುಟಗಳನ್ನು ವರ್ಡ್ ಫೈಲಿಗೆ ಎತ್ತಿ ಹಾಕಿಕೊಳ್ಳುತ್ತಾರೆ, ಇಂಗ್ಲಿಷ್ ತಿದ್ದುತ್ತಾರೆ, ಗಡುವಿನ ಹಿಂದಿನ ರಾತ್ರಿ ಫಾರ್ಮ್ಯಾಟ್ ಮಾಡಲು ಕೂರುತ್ತಾರೆ. ಬರೆದದ್ದೆಲ್ಲ ಆರು ಪುಟದೊಳಗೆ ಹಿಡಿಸುವುದಿಲ್ಲ ಎಂದು ಗೊತ್ತಾಗುವುದು ಆಗಲೇ. ಕತ್ತರಿಸುವ ಆತುರದಲ್ಲಿ ಪ್ರಯೋಗದ ವಿವರ ಹಾರಿಹೋಗುತ್ತದೆ, ಚಿತ್ರಗಳು ಓದಲಾಗದಷ್ಟು ಕುಗ್ಗುತ್ತವೆ. ಒಳ್ಳೆಯ ಕೆಲಸ ಮಾಡಿದವರ ಪೇಪರ್ ರಿವ್ಯೂಗೂ ಹೋಗದೆ ಹಿಂದಿರುಗುವುದುಂಟು. ಇದು ನಿಜಕ್ಕೂ ಬೇಸರದ ಸಂಗತಿ, ಏಕೆಂದರೆ ತಪ್ಪಿಸುವುದು ಕಷ್ಟವೇನಲ್ಲ.

ನಮ್ಮ ಕಾಲೇಜುಗಳಿಂದ ಹೆಚ್ಚಾಗಿ ಪೇಪರ್ ಹೋಗುವುದು ಐಇಇಇ ಕಾನ್ಫರೆನ್ಸ್‌ಗಳಿಗೆ. ಹಾಗಾಗಿ ಇಲ್ಲಿ ಅದನ್ನೇ ಮಾದರಿಯಾಗಿ ಇಟ್ಟುಕೊಂಡಿದ್ದೇನೆ.

ಎಲ್ಲಿಗೆ ಕಳಿಸುತ್ತಿದ್ದೀರಿ?

‘ಎರಡೇ ದಿನದಲ್ಲಿ ಸ್ವೀಕೃತಿ, ಶುಲ್ಕ ಕಟ್ಟಿದರೆ ಪ್ರಕಟಣೆ’ ಎನ್ನುವ ಇಮೇಲ್ ಬಂದರೆ ಅಳಿಸಿಬಿಡಿ. ಐಇಇಇ ಜಾಲತಾಣದಲ್ಲಿ ಕಾನ್ಫರೆನ್ಸ್ ಹುಡುಕುವ ಪುಟವಿದೆ. ಹೆಸರು, ದಿನಾಂಕ, ಊರು ಅಲ್ಲಿ ತಾಳೆಯಾಗಬೇಕು. ಭಾರತದಲ್ಲಿ ಐಇಇಇ ಇಂಡಿಯಾ ಕೌನ್ಸಿಲ್‌ನ ಇಂಡಿಕಾನ್, ಬೆಂಗಳೂರು ವಿಭಾಗದ ಕನೆಕ್ಟ್ ಮೊದಲಾದವು ಪರಿಚಿತ ಹೆಸರುಗಳು. ಆಯ್ಕೆ ಮಾಡಿದ ಮೇಲೆ ಅದರ ‘ಕಾಲ್ ಫಾರ್ ಪೇಪರ್ಸ್’ ಪ್ರಕಟಣೆಯನ್ನು ಪೂರ್ತಿ ಓದಿ. ಪುಟಮಿತಿ ಎಷ್ಟು, ಉಲ್ಲೇಖಗಳು ಅದರೊಳಗೆ ಸೇರಿವೆಯೇ, ಲೇಖಕರ ಹೆಸರು ಮರೆಮಾಡಬೇಕೇ, ಕಾಗದದ ಅಳತೆ ಎ4 ಇರಬೇಕೋ ಯುಎಸ್ ಲೆಟರ್ ಇರಬೇಕೋ ಎಂಬ ನಾಲ್ಕು ಉತ್ತರಗಳನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ.

ಟೆಂಪ್ಲೇಟ್ ತೆರೆಯಿರಿ, ಅಳತೆ ಮುಟ್ಟಬೇಡಿ

ಐಇಇಇ ಕಾನ್ಫರೆನ್ಸ್ ಟೆಂಪ್ಲೇಟ್ ವರ್ಡ್ ಮತ್ತು ಲೇಟೆಕ್ ಎರಡರಲ್ಲೂ ಉಚಿತವಾಗಿ ಸಿಗುತ್ತದೆ. ಪುಟಕ್ಕೆ ಎರಡು ಕಾಲಂ, ಅಕ್ಷರ ಟೈಮ್ಸ್ ನ್ಯೂ ರೋಮನ್. ಶೀರ್ಷಿಕೆ 24 ಪಾಯಿಂಟ್, ಮುಖ್ಯ ಪಠ್ಯ 10, ಸಾರಾಂಶ 9 ಪಾಯಿಂಟ್ ದಪ್ಪಕ್ಷರ, ಚಿತ್ರದ ಅಡಿಬರಹ ಮತ್ತು ಉಲ್ಲೇಖಪಟ್ಟಿ 8 ಪಾಯಿಂಟ್. ಜಾಗ ಸಾಲದೆಂದು ಮಾರ್ಜಿನ್ ಕಿರಿದು ಮಾಡುವುದು, ಸಾಲುಗಳ ನಡುವಿನ ಅಂತರ ಒತ್ತುವುದು ಬೇಡ. ದಿನವೂ ಇಂಥ ಪುಟ ನೋಡುವವರ ಕಣ್ಣಿಗೆ ಅದು ತಕ್ಷಣ ಬೀಳುತ್ತದೆ. ಪುಟಸಂಖ್ಯೆ, ಹೆಡರ್, ಫೂಟರ್ ಯಾವುದನ್ನೂ ಹಾಕಬೇಡಿ. ಅವನ್ನು ಪ್ರಕಾಶಕರು ಸೇರಿಸುತ್ತಾರೆ. ಟೆಂಪ್ಲೇಟ್‌ನಲ್ಲಿ ಮೊದಲೇ ಇರುವ ಸೂಚನಾ ವಾಕ್ಯಗಳನ್ನು ಮರೆಯದೆ ಅಳಿಸಿ.

ವರ್ಡ್ ಒಳ್ಳೆಯದೋ ಲೇಟೆಕ್ ಒಳ್ಳೆಯದೋ ಎಂಬುದು ಹಳೆಯ ಚರ್ಚೆ. ಸಮೀಕರಣ ಕಡಿಮೆ ಇದ್ದು ಒಬ್ಬರೇ ಬರೆಯುತ್ತಿದ್ದರೆ ವರ್ಡ್ ಸಾಕು. ಮೂವರು ನಾಲ್ವರು ಸೇರಿ ಬರೆಯುವಾಗ, ಗಣಿತ ಮತ್ತು ಉಲ್ಲೇಖ ಹೆಚ್ಚಿರುವಾಗ ಲೇಟೆಕ್ ಕಲಿಯಲು ಹಾಕಿದ ಸಮಯ ಖಂಡಿತ ವಾಪಸ್ ಬರುತ್ತದೆ ಎಂಬುದು ನನ್ನ ಅಭಿಪ್ರಾಯ. ಓವರ್‌ಲೀಫ್‌ನಲ್ಲಿ ಬ್ರೌಸರ್‌ನಲ್ಲೇ ಬರೆಯಬಹುದು, ಕಂಪ್ಯೂಟರಿನಲ್ಲಿ ಏನನ್ನೂ ಇನ್‌ಸ್ಟಾಲ್ ಮಾಡಬೇಕಾಗಿಲ್ಲ. ಸ್ಪ್ರಿಂಗರ್‌ನ ಎಲ್‌ಎನ್‌ಸಿಎಸ್ ಸರಣಿಗೆ ಕಳಿಸುವವರು ಗಮನಿಸಿ: ಅಲ್ಲಿ ಪುಟಕ್ಕೆ ಒಂದೇ ಕಾಲಂ. ಐಇಇಇಗೆಂದು ಮಾಡಿದ ಚಿತ್ರ, ಕೋಷ್ಟಕಗಳನ್ನೆಲ್ಲ ಮತ್ತೆ ಹೊಂದಿಸಬೇಕಾಗುತ್ತದೆ.

ಹೆಸರು ಬರೆಯುವ ಕಡೆ ಎಚ್ಚರ

ಇದು ನಮ್ಮ ಕಡೆಯವರಿಗೇ ಹೆಚ್ಚು ತಟ್ಟುವ ತೊಂದರೆ. ನಮ್ಮಲ್ಲಿ ಅನೇಕರಿಗೆ ಸರ್‌ನೇಮ್ ಇಲ್ಲ, ಊರಿನ ಹೆಸರು ಮತ್ತು ತಂದೆಯ ಹೆಸರಿನ ಇನಿಷಿಯಲ್ ಇರುತ್ತದೆ. ಕಾಲೇಜು ದಾಖಲೆಯಲ್ಲಿ ‘ಮಂಜುನಾಥ ಕೆ. ಎಸ್.’ ಎಂದಿರುವುದನ್ನು ಹಾಗೇ ಪೇಪರ್‌ನಲ್ಲಿ ಹಾಕಿದರೆ, ಕೊನೆಯ ಪದವೇ ಸರ್‌ನೇಮ್ ಎಂದು ತಿಳಿಯುವ ತಂತ್ರಾಂಶ ‘ಎಸ್’ ಅನ್ನು ಸರ್‌ನೇಮ್ ಮಾಡುತ್ತದೆ. ಮುಂದೆ ಯಾರಾದರೂ ಉಲ್ಲೇಖಿಸುವಾಗ ಅದು ‘ಎಂ. ಕೆ. ಎಸ್.’ ಆಗುತ್ತದೆ, ಮಂಜುನಾಥ ಎಂಬ ಹೆಸರೇ ಕಾಣುವುದಿಲ್ಲ. ಇನಿಷಿಯಲ್ ಮುಂದಿಟ್ಟು ‘ಕೆ. ಎಸ್. ಮಂಜುನಾಥ’ ಎಂದು ಬರೆದರೆ ಉಲ್ಲೇಖದಲ್ಲೂ ಹೆಸರು ಉಳಿಯುತ್ತದೆ. ಯಾವ ರೂಪವನ್ನೇ ಆರಿಸಿಕೊಳ್ಳಿ, ಮೊದಲ ಪೇಪರ್‌ನಿಂದ ಮುಂದಿನ ಎಲ್ಲ ಪೇಪರ್‌ಗಳವರೆಗೂ ಅದನ್ನೇ ಬಳಸಿ. ಜೊತೆಗೆ ಆರ್ಕಿಡ್ ಜಾಲತಾಣದಲ್ಲಿ ಉಚಿತವಾಗಿ ಸಿಗುವ 16 ಅಂಕಿಯ ಗುರುತು ಸಂಖ್ಯೆ ಮಾಡಿಸಿಕೊಳ್ಳಿ. ಅದೇ ಹೆಸರಿನ ನೂರು ಜನರಿದ್ದರೂ ನಿಮ್ಮ ಕೆಲಸ ನಿಮ್ಮ ಲೆಕ್ಕಕ್ಕೇ ಸೇರುತ್ತದೆ.

ಲೇಖಕರ ಪಟ್ಟಿಯಲ್ಲಿ ಯಾರಿರಬೇಕು ಎಂಬುದನ್ನೂ ಈ ಹಂತದಲ್ಲೇ ಮಾತಾಡಿ ಮುಗಿಸಿ. ಐಇಇಇ ಪ್ರಕಾರ ಕೆಲಸಕ್ಕೆ ಗಣನೀಯ ಬೌದ್ಧಿಕ ಕೊಡುಗೆ ನೀಡಿರಬೇಕು, ಬರೆಯುವುದರಲ್ಲೋ ತಿದ್ದುವುದರಲ್ಲೋ ಪಾಲಿರಬೇಕು, ಅಂತಿಮ ಪ್ರತಿಗೆ ಒಪ್ಪಿಗೆ ಕೊಟ್ಟಿರಬೇಕು. ಮೂರೂ ಇದ್ದರೆ ಮಾತ್ರ ಲೇಖಕ. ಹುದ್ದೆಯ ಗೌರವಕ್ಕೆಂದು ಹೆಸರು ಸೇರಿಸುವ ರೂಢಿ ನಿಲ್ಲಬೇಕು. ಲ್ಯಾಬ್ ಕೊಟ್ಟವರಿಗೆ, ಉಪಕರಣ ಒದಗಿಸಿದವರಿಗೆ ಕೃತಜ್ಞತೆಯ ಭಾಗವಿದೆ.

ಸಾರಾಂಶ

ಒಂದೇ ಪ್ಯಾರಾ, 250 ಪದದೊಳಗೆ. ಉಲ್ಲೇಖ ಸಂಖ್ಯೆ, ಗಣಿತದ ಚಿಹ್ನೆ ಬೇಡ. ಸಮಸ್ಯೆ ಏನು, ನೀವು ಮಾಡಿದ್ದೇನು, ಫಲಿತಾಂಶದ ಅಂಕಿ ಎಷ್ಟು ಎಂಬುದು ಬಂದರೆ ಆಯಿತು. ‘ಇಂದಿನ ಯುಗದಲ್ಲಿ ಕೃತಕ ಬುದ್ಧಿಮತ್ತೆ…’ ಎಂಬ ಪೀಠಿಕೆಯನ್ನು ಪೂರ್ತಿ ತೆಗೆದುಹಾಕಿ.

ಚಿತ್ರಗಳಿಗೆ ಒಂದು ದಿನ ಮೀಸಲಿಡಿ

ರಿವ್ಯೂ ಮಾಡುವವರಲ್ಲಿ ಬಹಳ ಮಂದಿ ಶೀರ್ಷಿಕೆ, ಸಾರಾಂಶದ ನಂತರ ನೇರವಾಗಿ ಚಿತ್ರಗಳನ್ನು ನೋಡುತ್ತಾರೆ. ನಮ್ಮ ವಿದ್ಯಾರ್ಥಿಗಳ ಪೇಪರ್ ಹೆಚ್ಚಾಗಿ ಸೋಲುವುದೂ ಅಲ್ಲೇ. ಲ್ಯಾಪ್‌ಟಾಪ್ ಪರದೆಯ ಸ್ಕ್ರೀನ್‌ಶಾಟ್ ತೆಗೆದು ಅಂಟಿಸಿದ ಗ್ರಾಫ್, ಮುದ್ರಿಸಿದಾಗ ಮಂಜು ಮುಸುಕಿದಂತೆ ಕಾಣುತ್ತದೆ.

ಲೆಕ್ಕ ಸರಳ. ಒಂದು ಕಾಲಂನ ಅಗಲ 3.5 ಇಂಚು. ಫೋಟೊಗೆ ಇಂಚಿಗೆ 300 ಚುಕ್ಕಿ ಬೇಕು, ಅಂದರೆ ಅಗಲ 1050 ಪಿಕ್ಸೆಲ್. ಗೆರೆಚಿತ್ರಕ್ಕೆ ಇಂಚಿಗೆ 600 ಚುಕ್ಕಿ, ಅಂದರೆ 2100 ಪಿಕ್ಸೆಲ್. ಗ್ರಾಫ್‌ಗಳನ್ನು ಪಿಎನ್‌ಜಿ ಬದಲು ವೆಕ್ಟರ್ ರೂಪದ ಪಿಡಿಎಫ್ ಆಗಿ ಉಳಿಸಿದರೆ ಈ ಲೆಕ್ಕವೇ ಬೇಡ, ಎಷ್ಟು ಹಿಗ್ಗಿಸಿದರೂ ಗೆರೆ ಚೊಕ್ಕವಾಗಿರುತ್ತದೆ. ಗ್ರಾಫ್ ರಚಿಸುವಾಗಲೇ ಅಗಲವನ್ನು 3.5 ಇಂಚು ಎಂದು ಕೊಡಿ, ಅಕ್ಷರ 8 ಪಾಯಿಂಟ್ ಇಡಿ. ದೊಡ್ಡದಾಗಿ ಮಾಡಿ ಆಮೇಲೆ ಕುಗ್ಗಿಸಿದರೆ ಅಕ್ಷದ ಮೇಲಿನ ಅಂಕಿಗಳೂ ಕುಗ್ಗಿ ಓದಲು ಬರುವುದಿಲ್ಲ. ಅಕ್ಷಗಳಿಗೆ ಹೆಸರೂ ಮಾನವೂ ಇರಲಿ. ಕೆಂಪು, ಹಸಿರು ಗೆರೆಗಳನ್ನಷ್ಟೇ ನೆಚ್ಚಿಕೊಳ್ಳಬೇಡಿ. ಕಪ್ಪುಬಿಳುಪಿನಲ್ಲಿ ಮುದ್ರಿಸಿದರೂ ಗೊತ್ತಾಗುವಂತೆ ಒಂದಕ್ಕೆ ತುಂಡುಗೆರೆ, ಇನ್ನೊಂದಕ್ಕೆ ಚೌಕದ ಗುರುತು ಕೊಡಿ.

ಚಿತ್ರದ ಅಡಿಬರಹ ಚಿತ್ರದ ಕೆಳಗೆ, ಕೋಷ್ಟಕದ ಶೀರ್ಷಿಕೆ ಕೋಷ್ಟಕದ ಮೇಲೆ. ಕೋಷ್ಟಕಗಳಿಗೆ ರೋಮನ್ ಅಂಕಿ. ಕೋಷ್ಟಕವನ್ನಾಗಲಿ ಸಮೀಕರಣವನ್ನಾಗಲಿ ಚಿತ್ರವಾಗಿ ಅಂಟಿಸಬಾರದು. ಪಠ್ಯದಲ್ಲಿ ಪ್ರಸ್ತಾಪವೇ ಆಗದ ಚಿತ್ರ ಇರಲೂಬಾರದು.

ಪೈಥಾನ್‌ನ ಮ್ಯಾಟ್‌ಪ್ಲಾಟ್‌ಲಿಬ್ ಬಳಸುವವರಿಗೆ ಒಂದು ಮಾತು. ಅದು ಪಿಡಿಎಫ್ ಉಳಿಸುವಾಗ ತಾನಾಗಿಯೇ ಟೈಪ್ 3 ಫಾಂಟ್ ಹಾಕುತ್ತದೆ, ಐಇಇಇ ಪರೀಕ್ಷಕ ತಂತ್ರಾಂಶ ಅದನ್ನು ಒಪ್ಪುವುದಿಲ್ಲ. ‘ಪಿಡಿಎಫ್ ಡಾಟ್ ಫಾಂಟ್‌ಟೈಪ್’ ಎಂಬ ಸೆಟ್ಟಿಂಗ್ ಅನ್ನು 42 ಎಂದು ಬದಲಿಸಿ ಗ್ರಾಫ್‌ಗಳನ್ನು ಮತ್ತೊಮ್ಮೆ ಉಳಿಸಿ. ಗಡುವಿನ ರಾತ್ರಿ ಅನೇಕರನ್ನು ಕಾಡುವ ದೋಷ ಈ ಒಂದು ಸಾಲಿನಿಂದ ಹೋಗುತ್ತದೆ.

ಪೇಪರ್‌ನೊಳಗೆ ಕನ್ನಡ ಬಂದರೆ

ಕನ್ನಡ ಅಕ್ಷರ ಗುರುತಿಸುವ ತಂತ್ರಾಂಶ, ಯಂತ್ರಾನುವಾದ, ಧ್ವನಿ ಗುರುತಿಸುವಿಕೆ ಎಂದು ನಮ್ಮ ಭಾಷೆಯ ಮೇಲೆ ಕೆಲಸ ಮಾಡುವ ವಿದ್ಯಾರ್ಥಿಗಳಿದ್ದಾರೆ. ಅವರ ಪೇಪರ್‌ನಲ್ಲಿ ಕನ್ನಡದ ಉದಾಹರಣೆ ಇರಲೇಬೇಕು. ಸಾಮಾನ್ಯ ಪಿಡಿಎಫ್‌ಲೇಟೆಕ್‌ನಲ್ಲಿ ಯೂನಿಕೋಡ್ ಕನ್ನಡ ಟೈಪಿಸಿದರೆ ಮೂಡುವುದಿಲ್ಲ. ಓವರ್‌ಲೀಫ್ ಮೆನುವಿನಲ್ಲಿ ಕಂಪೈಲರನ್ನು ಝೀಲೇಟೆಕ್‌ಗೆ ಬದಲಿಸಿ ನೋಟೊ ಸಾನ್ಸ್ ಕನ್ನಡದಂಥ ಫಾಂಟ್ ಕೊಡಬಹುದು. ಟೆಂಪ್ಲೇಟ್ ಅದಕ್ಕೆ ಒಗ್ಗದಿದ್ದರೆ ಕನ್ನಡದ ಸಾಲುಗಳನ್ನಷ್ಟೇ ಬೇರೆ ಕಡೆ ಸಿದ್ಧಪಡಿಸಿ ವೆಕ್ಟರ್ ಚಿತ್ರವಾಗಿ ಸೇರಿಸಿ. ನುಡಿ, ಬರಹಗಳ ಹಳೆಯ ಆಸ್ಕಿ ಫಾಂಟಿನಲ್ಲಿರುವ ಪಠ್ಯವನ್ನು ಮೊದಲು ಯೂನಿಕೋಡ್‌ಗೆ ಪರಿವರ್ತಿಸಿಕೊಳ್ಳಿ. ಒತ್ತಕ್ಷರ ಮತ್ತು ಅರ್ಕಾವತ್ತು ಸರಿಯಾಗಿ ಮೂಡಿವೆಯೇ ಎಂದು ಪಿಡಿಎಫ್‌ನಲ್ಲಿ ಕಣ್ಣಾರೆ ನೋಡಿ. ರಿವ್ಯೂ ಮಾಡುವವರಿಗೆ ಕನ್ನಡ ಬಾರದೇ ಇರಬಹುದು. ಪ್ರತಿ ಉದಾಹರಣೆಯ ಕೆಳಗೆ ಲಿಪ್ಯಂತರ, ಅದರ ಕೆಳಗೆ ಇಂಗ್ಲಿಷ್ ಅರ್ಥ ಕೊಟ್ಟರೆ ನಿಮ್ಮ ವಾದ ಅವರಿಗೆ ತಲುಪುತ್ತದೆ.

ಉಲ್ಲೇಖ ಮತ್ತು ಹೋಲಿಕೆ

ಐಇಇಇ ಶೈಲಿಯಲ್ಲಿ ಉಲ್ಲೇಖಗಳು ಪಠ್ಯದಲ್ಲಿ ಬಂದ ಕ್ರಮದಲ್ಲೇ ಚೌಕ ಆವರಣದೊಳಗೆ ಸಂಖ್ಯೆ ಪಡೆಯುತ್ತವೆ, ಅಕಾರಾದಿಯಲ್ಲಿ ಅಲ್ಲ. ಗೂಗಲ್ ಸ್ಕಾಲರ್‌ನಿಂದ ಎತ್ತಿಕೊಂಡ ಬಿಬ್‌ಟೆಕ್ ನಮೂದನ್ನು ನಂಬಿ ಕೂರಬೇಡಿ. ಪುಟಸಂಖ್ಯೆ, ಡಿಒಐ ಇಲ್ಲದಿರಬಹುದು, ಕಾನ್ಫರೆನ್ಸ್ ಹೆಸರು ಅರ್ಧ ಇರಬಹುದು. ಬಿಬ್‌ಟೆಕ್ ಲೇಖನದ ಶೀರ್ಷಿಕೆಯ ದೊಡ್ಡಕ್ಷರಗಳನ್ನು ಚಿಕ್ಕದು ಮಾಡುತ್ತದೆ. ಕನ್ನಡ, ಬೆಂಗಳೂರು ಎಂಬ ಅಂಕಿತನಾಮಗಳೂ ಸಂಕ್ಷಿಪ್ತ ಹೆಸರುಗಳೂ ಉಳಿಯಬೇಕಾದರೆ ಅವನ್ನು ಹೂವಿನ ಆವರಣದೊಳಗೆ ಇಡಿ. ಓದದ ಪೇಪರನ್ನು ಉಲ್ಲೇಖಿಸಬೇಡಿ.

ಸಲ್ಲಿಸಿದ ಪೇಪರ್ ಹೋಲಿಕೆ ಪತ್ತೆಹಚ್ಚುವ ತಂತ್ರಾಂಶದ ಮೂಲಕ ಹಾದುಹೋಗುತ್ತದೆ. ಯುಜಿಸಿಯ 2018ರ ನಿಯಮಾವಳಿಯಲ್ಲಿ ಶೇ 10ರವರೆಗಿನ ಹೋಲಿಕೆಗೆ ದಂಡನೆ ಇಲ್ಲ. ಕಾನ್ಫರೆನ್ಸ್‌ಗಳಿಗೆ ತಮ್ಮದೇ ಮಿತಿ ಇರುತ್ತದೆ, ಅದನ್ನು ನೋಡಿಕೊಳ್ಳಿ. ಚಾಟ್‌ಜಿಪಿಟಿಯಂಥ ಸಾಧನದಿಂದ ಪಠ್ಯವನ್ನೋ ಚಿತ್ರವನ್ನೋ ಸೃಷ್ಟಿಸಿದ್ದರೆ ಯಾವ ಸಾಧನ, ಯಾವ ಭಾಗದಲ್ಲಿ ಎಂದು ಕೃತಜ್ಞತೆಯ ಭಾಗದಲ್ಲಿ ತಿಳಿಸಬೇಕೆಂದು ಐಇಇಇ ಹೇಳುತ್ತದೆ. ಮುಚ್ಚಿಡಬೇಡಿ.

ಹೆಸರು ಮರೆಮಾಡಿ ಕಳಿಸುವಾಗ

ಮೊದಲ ಪುಟದ ಹೆಸರು ಅಳಿಸಿದರಷ್ಟೇ ಸಾಲದು. ಕೃತಜ್ಞತೆ ತೆಗೆಯಿರಿ. ಗಿಟ್‌ಹಬ್ ಕೊಂಡಿಯಲ್ಲಿ ನಿಮ್ಮ ಹೆಸರಿರುತ್ತದೆ, ಅದನ್ನೂ ತೆಗೆಯಿರಿ. ‘ನಮ್ಮ ಹಿಂದಿನ ಕೆಲಸದಲ್ಲಿ’ ಎನ್ನುವ ಬದಲು ಬೇರೆಯವರ ಕೆಲಸವೆಂಬಂತೆ ಉಲ್ಲೇಖಿಸಿ. ವರ್ಡ್ ಫೈಲಿನ ಪ್ರಾಪರ್ಟೀಸ್‌ನಲ್ಲಿ ಲೇಖಕರ ಹೆಸರು ಉಳಿದಿರುತ್ತದೆ, ‘ಇನ್‌ಸ್ಪೆಕ್ಟ್ ಡಾಕ್ಯುಮೆಂಟ್’ ಬಳಸಿ ಅಳಿಸಿ.

ಗಡುವು ಯಾವ ಗಡಿಯಾರದ್ದು?

ಗಡುವಿನ ಮುಂದೆ ‘ಎಒಇ’ ಎಂದಿದ್ದರೆ ಭೂಮಿಯ ಮೇಲೆ ಎಲ್ಲಾದರೂ ಆ ದಿನ ಉಳಿದಿರುವವರೆಗೆ ಸಮಯವಿದೆ ಎಂದರ್ಥ. ಗ್ರೀನ್‌ವಿಚ್ ಸಮಯಕ್ಕಿಂತ 12 ಗಂಟೆ ಹಿಂದಿನ ವಲಯವದು. ನಮ್ಮ ಗಡಿಯಾರ ಅದಕ್ಕಿಂತ ಹದಿನೇಳೂವರೆ ಗಂಟೆ ಮುಂದೆ. ಅಲ್ಲಿನ ರಾತ್ರಿ 11.59 ಎಂದರೆ ನಮಗೆ ಮರುದಿನ ಸಂಜೆ 5.29. ಎಒಇ ಎಂದು ಬರೆದಿಲ್ಲದಿದ್ದರೆ ಈ ಲೆಕ್ಕ ನೆಚ್ಚಬೇಡಿ. ಈಸಿಚೇರ್, ಮೈಕ್ರೊಸಾಫ್ಟ್ ಸಿಎಂಟಿಯಂಥ ತಾಣಗಳಲ್ಲಿ ಗಡುವಿನವರೆಗೆ ಫೈಲ್ ಬದಲಿಸಲು ಸಾಮಾನ್ಯವಾಗಿ ಅವಕಾಶವಿರುತ್ತದೆ. ಎರಡು ದಿನ ಮೊದಲೇ ಒಂದು ಪ್ರತಿ ಏರಿಸಿ, ಏರಿಸಿದ್ದನ್ನು ಮತ್ತೆ ಡೌನ್‌ಲೋಡ್ ಮಾಡಿ ತೆರೆದು ನೋಡಿ.

ಸ್ವೀಕೃತವಾದ ಮೇಲೆ

ರಿವ್ಯೂ ಟಿಪ್ಪಣಿಗಳಿಗೆ ತಕ್ಕಂತೆ ತಿದ್ದಿ ಅಂತಿಮ ಪ್ರತಿ ಮಾಡಬೇಕು. ಮರೆಮಾಡಿದ್ದ ಹೆಸರು, ಕೃತಜ್ಞತೆ ಈಗ ವಾಪಸ್ ಬರಬೇಕು. ಸಂಘಟಕರು ಕೊಟ್ಟ ಕಾನ್ಫರೆನ್ಸ್ ಐಡಿ ಬಳಸಿ ಪಿಡಿಎಫ್ ಎಕ್ಸ್‌ಪ್ರೆಸ್ ಎಂಬ ಐಇಇಇ ಸೇವೆಯಲ್ಲಿ ಫೈಲನ್ನು ಪರೀಕ್ಷಿಸಿ. ಎಲ್ಲ ಫಾಂಟ್ ಫೈಲಿನೊಳಗೇ ಸೇರಿರಬೇಕು, ಪಾಸ್‌ವರ್ಡ್ ಇರಬಾರದು, ಬುಕ್‌ಮಾರ್ಕ್ ಇರಬಾರದು. ಅಕ್ರೊಬ್ಯಾಟ್ ರೀಡರ್‌ನ ಪ್ರಾಪರ್ಟೀಸ್‌ನಲ್ಲಿ ಫಾಂಟ್ಸ್ ಪುಟ ತೆರೆದರೆ ಪ್ರತಿ ಫಾಂಟಿನ ಮುಂದೆ ‘ಎಂಬೆಡೆಡ್’ ಎಂದಿರಬೇಕು. ಕಾಪಿರೈಟ್ ಫಾರ್ಮ್‌ನಲ್ಲಿ, ಸಲ್ಲಿಕೆ ತಾಣದಲ್ಲಿ, ಪಿಡಿಎಫ್‌ನಲ್ಲಿ ಶೀರ್ಷಿಕೆ ಮತ್ತು ಲೇಖಕರ ಕ್ರಮ ಅಕ್ಷರಶಃ ಒಂದೇ ಆಗಿರಲಿ.

ಶುಲ್ಕ ಕಟ್ಟಿದ್ದಕ್ಕೇ ಕೆಲಸ ಮುಗಿಯುವುದಿಲ್ಲ. ಮಂಡಿಸದ ಪೇಪರನ್ನು ಐಇಇಇ ಎಕ್ಸ್‌ಪ್ಲೋರ್‌ಗೆ ಸೇರಿಸದಿರಲು ಸಂಘಟಕರಿಗೆ ಅಧಿಕಾರವಿದೆ. ಆ ದಿನವೇ ಸೆಮಿಸ್ಟರ್ ಪರೀಕ್ಷೆ ಬರುವಂತಿದ್ದರೆ ಸಹಲೇಖಕರು ಮಂಡಿಸಬಹುದೇ, ಆನ್‌ಲೈನ್ ಅವಕಾಶವಿದೆಯೇ ಎಂದು ನೋಂದಣಿಗೆ ಮೊದಲೇ ಸಂಘಟಕರಿಗೆ ಬರೆದು ಕೇಳಿ, ಉತ್ತರದ ಇಮೇಲ್ ಉಳಿಸಿಕೊಳ್ಳಿ.