ಹೊಲಿದ ದೋಣಿ: ಮನೆಯಲ್ಲಿಯೇ ಹಾಯಿದೋಣಿ ಕಟ್ಟುವ ಬಗೆ

ಹಾಯಿದೋಣಿಯೆಂದರೆ ಕಡಲ ತೀರದವರ ಸೊತ್ತು, ಇಲ್ಲವೇ ಹಣವಂತರ ವಿನೋದ. ದೆಹಲಿಯ ಒಂಟಿಕೋಣೆಯ ಬಾಡಿಗೆ ಮನೆಯಲ್ಲಿರುವ ನಮಗೂ ಅದಕ್ಕೂ ಏನು ಸಂಬಂಧವೆಂದು ವಾಚಕರು ಕೇಳಬಹುದು. ಸಂಬಂಧವಿದೆ. ದೋಣಿ ಕಟ್ಟುವುದರಲ್ಲಿ ಕಠಿಣವಾದ ಕೆಲಸ ಹಲಗೆಗೆ ಹಲಗೆಯನ್ನು ನೀರು ಜಿನುಗದಂತೆ ಸೇರಿಸುವುದು. ಅದಕ್ಕೆ ನಮ್ಮ ಪಡುಗಡಲಿನ ಜನ ಬಹು ಹಿಂದೆಯೇ ಹೊಲಿಗೆಯ ಉಪಾಯವನ್ನು ಬಲ್ಲವರಾಗಿದ್ದರು. ಅದೇ ತತ್ತ್ವವು ಬೇರೊಂದು ರೂಪದಲ್ಲಿ ಸಂಬಳಗಾರನ ಮನೆಗೂ ದೋಣಿಯನ್ನು ತಂದುಕೊಟ್ಟಿತು.

ನಾರಿನ ಹೊಲಿಗೆ

ಹದಿನಾಲ್ಕನೆಯ ಶತಮಾನದಲ್ಲಿ ಹೊನ್ನಾವರ, ಬಾರ್ಕೂರು, ಮಂಗಳೂರುಗಳನ್ನು ಕಂಡುಹೋದ ಪ್ರವಾಸಿ ಇಬ್ನ್ ಬತೂತ, ಈ ಕಡಲಿನ ಹಡಗುಗಳನ್ನು ತೆಂಗಿನ ನಾರಿನ ಹುರಿಯಿಂದ ಹೊಲಿಯುತ್ತಾರೆಂದು ಬರೆದಿದ್ದಾನೆ. ಕಾರಣವನ್ನೂ ಹೇಳಿದ್ದಾನೆ: ಕಬ್ಬಿಣದ ಮೊಳೆ ಹೊಡೆದ ಹಡಗು ಬಂಡೆಗೆ ತಾಕಿದರೆ ಒಡೆಯುತ್ತದೆ; ಹೊಲಿದದ್ದು ಬಳುಕಿ ತಾಳಿಕೊಳ್ಳುತ್ತದೆ. ಮುಂದೆ ಮೊಳೆಯ ಹಡಗುಗಳು ಹೆಚ್ಚಿ, ಹೊಲಿಗೆಯ ವಿದ್ಯೆ ಕೆಲವೇ ಕೈಗಳಲ್ಲಿ ಉಳಿಯಿತು.

ಆ ಕೈಗಳಿಂದಲೇ ನಮ್ಮ ಕಾಲದಲ್ಲಿ ಒಂದು ಹಡಗು ಎದ್ದುನಿಂತಿತು. ಅಜಂತೆಯ ಗುಹೆಯಲ್ಲಿರುವ ಐದನೆಯ ಶತಮಾನದ ಹಡಗಿನ ಚಿತ್ರವನ್ನು ಮಾದರಿಯಾಗಿಟ್ಟುಕೊಂಡು, ಕೇರಳದ ಬಾಬು ಶಂಕರನ್ ಎಂಬ ಬಡಗಿಯ ಮುಂದಾಳುತನದಲ್ಲಿ ಗೋವೆಯಲ್ಲಿ ಅದನ್ನು ಹೊಲಿದರು. ಹಳೆಯ ನಕ್ಷೆ ಯಾವುದೂ ಉಳಿದಿರಲಿಲ್ಲ. 2025ರ ಮೇ 21ರಂದು ನಮ್ಮ ಕಾರವಾರದ ನೌಕಾನೆಲೆಯಲ್ಲಿ ಅದು ನೌಕಾಪಡೆಗೆ ಸೇರಿ ‘ಕೌಂಡಿನ್ಯ’ ಎಂಬ ಹೆಸರನ್ನು ಪಡೆಯಿತು. ಅದರ ಹಾಯಿಯ ಮೇಲಿರುವುದು ಕನ್ನಡಿಗರು ಚೆನ್ನಾಗಿ ಬಲ್ಲ ಗಂಡಭೇರುಂಡ. ಅದೇ ಡಿಸೆಂಬರ್ 29ರಂದು ಪೋರಬಂದರಿನಿಂದ ಹೊರಟು, 2026ರ ಜನವರಿಯಲ್ಲಿ ಓಮಾನಿನ ಮಸ್ಕತ್ತನ್ನು ಮುಟ್ಟಿತು.

ತಂತಿಯ ಹೊಲಿಗೆ

ಇನ್ನು ಮನೆಯ ದೋಣಿಗೆ ಬರೋಣ. ಇಂಗ್ಲೆಂಡಿನಲ್ಲಿ 1963ರಲ್ಲಿ ‘ಡೈಲಿ ಮಿರರ್’ ಪತ್ರಿಕೆಯು, ದುಡಿದು ತಿನ್ನುವವರೂ ತಮ್ಮ ಮನೆಯಲ್ಲಿಯೇ ಕಟ್ಟಿಕೊಳ್ಳಬಹುದಾದ ದೋಣಿಯೊಂದನ್ನು ಪ್ರಚಾರಕ್ಕೆ ತಂದಿತು. ಜಾಕ್ ಹೋಲ್ಟ್ ಮತ್ತು ಬ್ಯಾರಿ ಬಕ್ನೆಲ್ ಎಂಬಿಬ್ಬರು ಅದನ್ನು ರೂಪಿಸಿದರು. ಉದ್ದ 3.3 ಮೀಟರು, ಒಡಲಿನ ತೂಕ ಸುಮಾರು 45 ಕಿಲೋ, ಕೆಂಪು ಹಾಯಿ. ಬೆಲೆ 63 ಪೌಂಡು 11 ಷಿಲಿಂಗು. ಶ್ರೀಮಂತರ ಆಟವೆನಿಸಿದ್ದುದು ಕೂಲಿಕಾರರ, ಗುಮಾಸ್ತೆಯರ ಭಾನುವಾರಕ್ಕೂ ಒದಗಿತು. ಅಂಥ ದೋಣಿಗಳು 70 ಸಾವಿರಕ್ಕೂ ಮಿಕ್ಕಿ ನೀರಿಗಿಳಿದಿವೆ.

ಕಟ್ಟುವ ಕ್ರಮ ಹೀಗೆ. ಮೊದಲು ಒಳ್ಳೆಯ ನಕ್ಷೆಯನ್ನು ಸಂಪಾದಿಸಿ, ಅದರಂತೆ ಪ್ಲೈವುಡ್ ಹಲಗೆಗಳನ್ನು ಕತ್ತರಿಸಬೇಕು. ಹಲಗೆಗಳ ಅಂಚಿನುದ್ದಕ್ಕೂ ಸಣ್ಣ ತೂತುಗಳನ್ನು ಕೊರೆದು, ತಾಮ್ರದ ತಂತಿಯನ್ನು ಪೋಣಿಸಿ ತಿರುಚಬೇಕು. ತಂತಿ ಬಿಗಿದಂತೆಲ್ಲ ಚಪ್ಪಟೆ ಹಲಗೆ ತಾನೇ ಬಾಗಿ ದೋಣಿಯ ಆಕಾರಕ್ಕೆ ಬರುತ್ತದೆ. ಆ ಬಳಿಕ ಸಂದುಗಳಿಗೆ ಒಳಗೂ ಹೊರಗೂ ಗಾಜಿನ ನೂಲಿನ ಪಟ್ಟಿಯಿಟ್ಟು ರೆಸಿನ್ ಅಂಟನ್ನು ಬಳಿಯಬೇಕು. ಅಂಟು ಬಳಿಯುವಾಗ ಕೈಗವಸು ಇರಲಿ; ಗಾಳಿಯಾಡುವ ಸ್ಥಳವಿರಲಿ.

ಹಡಗು ಇರುವವರೆಗೂ ಅದರ ಹಲಗೆಗಳನ್ನು ನಾರಿನ ಹೊಲಿಗೆಯೇ ಹಿಡಿದಿರಬೇಕು. ತಂತಿಯ ಹೊಲಿಗೆ ಅಂಟು ಒಣಗುವವರೆಗೆ ಹಿಡಿದಿದ್ದರೆ ಸಾಕು. ಇಷ್ಟೇ ವ್ಯತ್ಯಾಸ.

ಕೀರ್ತಿನಗರದ ಮರದ ಪೇಟೆಯಲ್ಲಿ ಪ್ಲೈವುಡ್ ಕೊಳ್ಳುವವರು ಐ.ಎಸ್. 710 ಎಂಬ ಮುದ್ರೆಯನ್ನು ನೋಡಿ ಕೊಳ್ಳಬೇಕು. ನೀರಿನ ಕೆಲಸಕ್ಕೆ ಆಗುವ ಹಲಗೆಯ ಗುರುತು ಅದು. ಹಾಗೆಯೇ, ಕೆಲಸ ಆರಂಭಿಸುವ ಮುನ್ನ ಬಾಗಿಲಿನ ಅಗಲವನ್ನೂ ಮೆಟ್ಟಿಲ ತಿರುವನ್ನೂ ಅಳೆಯುವುದು ಲೇಸು. ಒಳಗೆ ಕಟ್ಟಿದ ದೋಣಿ ಹೊರಗೆ ಬರಬೇಕಷ್ಟೆ!

ತೇಲುವ ಲೆಕ್ಕ

ದೋಣಿಯು ತನ್ನ ತೂಕದಷ್ಟೇ ನೀರನ್ನು ಪಕ್ಕಕ್ಕೆ ಸರಿಸಿ ತೇಲುತ್ತದೆ. ಒಂದು ಲೀಟರ್ ನೀರಿನ ತೂಕ ಒಂದು ಕಿಲೋ. ತಳವು ಎರಡೂವರೆ ಮೀಟರು ಉದ್ದ, ಒಂದು ಮೀಟರು ಅಗಲವಿದ್ದು, ಪಕ್ಕಗಳು ನೆಟ್ಟಗಿದ್ದರೆ, ಒಂದು ಸೆಂಟಿಮೀಟರು ಮುಳುಗಿದಾಗ 25 ಲೀಟರು ನೀರು ಸರಿಯುತ್ತದೆ. ದೋಣಿ 45 ಕಿಲೋ, ಇಬ್ಬರು ಆಸಾಮಿಗಳು 130 ಕಿಲೋ, ಒಟ್ಟು 175. ಇದನ್ನು 25ರಿಂದ ಭಾಗಿಸಿದರೆ 7 ಸೆಂಟಿಮೀಟರು ಮುಳುಗುವುದೆಂದಾಯಿತು. ಜಮಾಖರ್ಚು ಬರೆಯುವ ನಮ್ಮಂಥವರಿಗೆ ಇದು ಕಷ್ಟದ ಲೆಕ್ಕವೇನಲ್ಲ.

ಆದರೆ ತೇಲಿದ ಮಾತ್ರಕ್ಕೆ ದೋಣಿ ಕ್ಷೇಮವೆಂದು ತಿಳಿಯಬಾರದು. ಹಾಯಿ ಗಾಳಿಯನ್ನು ಹಿಡಿದೊಡನೆ ದೋಣಿ ಓರೆಯಾಗುತ್ತದೆ, ಮಗುಚಲೂ ಬಹುದು. ಆದುದರಿಂದಲೇ ಗಾಳಿ ತುಂಬಿದ ಮುಚ್ಚು ಪೆಟ್ಟಿಗೆಗಳನ್ನು ಒಡಲಿನೊಳಗೇ ಕಟ್ಟುತ್ತಾರೆ. ಮಗುಚಿದರೂ ದೋಣಿ ತಳಕ್ಕೆ ಹೋಗದು. ತಳದಿಂದ ನೀರಿಗಿಳಿಸುವ ನಡುಹಲಗೆಯು ದೋಣಿ ಅಡ್ಡಕ್ಕೆ ಜಾರದಂತೆ ತಡೆಯುತ್ತದೆ. ಅದಿದ್ದರೆ ಎದುರುಗಾಳಿಯಲ್ಲಿಯೂ ಹಾವಿನ ನಡೆಯಂತೆ ಎಡಕ್ಕೊಮ್ಮೆ ಬಲಕ್ಕೊಮ್ಮೆ ಓರೆಯಾಗಿ ಹೋಗಿ ಮುಂದುವರಿಯಬಹುದು.

ದೋಣಿಯ ಸಂದು ಬಣ್ಣದ ಕೆಳಗೆ ಮರೆಯಾಗಿರುತ್ತದೆ. ಅಲ್ಲಿ ಮಾಡಿದ ಮೋಸವನ್ನು ಯಾವ ಮೇಸ್ತ್ರಿಯೂ ಕಾಣಲಾರ. ನೀರು ಮಾತ್ರ ಕಂಡೇ ಕಾಣುತ್ತದೆ. ದೋಣಿಯಲ್ಲಿ ಕುಳಿತಿರುವುದು ನಮ್ಮ ಮಕ್ಕಳೆಂದು ನೆನೆದು ಕೆಲಸ ಮಾಡಬೇಕು. ಈಜು ಬಾರದವರೂ, ತೇಲಂಗಿ ತೊಡದವರೂ ಹತ್ತಬಾರದು. ಮಳೆಗಾಲದ ಯಮುನೆಯ ಸೆಳವಿಗಂತೂ ಮನೆಯಲ್ಲಿ ಕಟ್ಟಿದ ದೋಣಿಯನ್ನು ಒಡ್ಡಲೇಬಾರದು.

ಅಭ್ಯಾಸ

ಮರ ಕೊಳ್ಳುವ ಮೊದಲು ರಟ್ಟಿನ ದೋಣಿಯೊಂದನ್ನು ಮಾಡಿ ನೋಡಿ. ತಳಕ್ಕೆ 25 ಸೆಂಟಿಮೀಟರು ಉದ್ದ, 10 ಸೆಂಟಿಮೀಟರು ಅಗಲದ ರಟ್ಟು. ಎರಡು ಪಕ್ಕ, ಹಿಂದೊಂದು, ಮುಂದೊಂದು: ಒಟ್ಟು ಐದು ತುಂಡು. ಸೂಜಿದಾರದಿಂದ ಹೊಲಿದು, ಸಂದುಗಳಿಗೆ ಮೇಣವನ್ನು ಕರಗಿಸಿ ಹಚ್ಚಿ, ಬಕೆಟ್ಟಿನ ನೀರಿನಲ್ಲಿ ಬಿಡಿ. ಉದ್ದ, ಅಗಲ, ಆಳ ಮೂರೂ ಹತ್ತರಲ್ಲೊಂದಾದರೆ ತೂಕ ಸಾವಿರದಲ್ಲೊಂದಾಗುತ್ತದೆ. ಆದ್ದರಿಂದ ರಟ್ಟೂ ಸೇರಿ 175 ಗ್ರಾಂ ಆಗುವಂತೆ ನಾಣ್ಯಗಳನ್ನು ತಳದಲ್ಲಿ ಹರಡಿ, ಎಷ್ಟು ಮುಳುಗಿತೆಂದು ಅಳೆಯಿರಿ. 7 ಮಿಲಿಮೀಟರಿನ ಆಸುಪಾಸು ಬರಬೇಕು. ಅನಂತರ ಅದೇ ನಾಣ್ಯಗಳನ್ನು ಒಂದರ ಮೇಲೊಂದು ಪೇರಿಸಿ, ಪಕ್ಕದಿಂದ ಮೆಲ್ಲಗೆ ಊದಿ. ಭಾರವು ತಗ್ಗಿನಲ್ಲಿರಬೇಕೆಂಬ ಪಾಠವನ್ನು ದೋಣಿಯೇ ಹೇಳಿಕೊಡುತ್ತದೆ.

ರಟ್ಟಿನ ಈ ದೋಣಿಯನ್ನು ಮಕ್ಕಳ ಕೈಯಿಂದಲೇ ಹೊಲಿಸಿ. ನಕ್ಷೆ ಕಳೆದುಹೋದರೂ ಕೌಂಡಿನ್ಯವನ್ನು ಕಟ್ಟಲಾದದ್ದು, ಹೊಲಿಗೆ ಬಲ್ಲ ಕೆಲವು ಕೈಗಳು ಉಳಿದಿದ್ದವಾದ್ದರಿಂದ.